ನಾಲ್ಕು ಕಾಲಿನ ಬದನೆಕಾಯಿ

ಹಂಸಾ ಅನುಮಾನದ ಪ್ರಾಣಿ. ಇದನ್ನು ಅವಳ ಬೆನ್ನ ಹಿಂದೆ ಹೇಳಬೇಕಾಗಿಲ್ಲ, ಕೇಳಿದರೆ ಅವಳೇ ಒಪ್ಪಿಕೊಳ್ಳುತ್ತಾಳೆ. ಹಾಲಿನ ಡಬ್ಬದ ಮೇಲೆ ತಾರೀಖು ಎಷ್ಟೇ ದಪ್ಪಕ್ಷರದಲ್ಲಿರಲಿ, ಮೂಸದೆ ಕಾಯಿಸುವವಳಲ್ಲ. ಅಂಗಡಿಯವನು ಬೇಳೆ ಚೆನ್ನಾಗಿದೆ ಎಂದರೆ ಅದರಲ್ಲಿ ಹುಳ ಇದೆ ಎಂದೇ ಅರ್ಥ. ಮೈಸೂರಿನಲ್ಲಿದ್ದಾಗ ಈ ಗುಣ ಒಂದು ಹದದಲ್ಲಿತ್ತು. ಮದುವೆಯಾಗಿ ಜಪಾನಿಗೆ ಬಂದ ಮೇಲೆ ಅದಕ್ಕೆ ಕೈತುಂಬ ಕೆಲಸ ಸಿಕ್ಕಿತು. ಎಲ್ಲರೂ ಸೊಂಟ ಬಗ್ಗಿಸಿ, ಮುಗುಳ್ನಕ್ಕು, ಮಾತುಮಾತಿಗೂ ‘ಸುಮಿಮಾಸೆನ್’, ಅಂದರೆ ‘ಕ್ಷಮಿಸಿ’, ಎನ್ನುವ ಊರಿನಲ್ಲಿ ಯಾರ ಹೊಟ್ಟೆಯಲ್ಲಿ ಏನಿದೆ ಎಂದು ತಿಳಿಯುವುದು ಹೇಗೆ? ಜಗಳವಾಡುವ ಜನರಾದರೆ ನಂಬಬಹುದು. ಇವರು ಜಗಳವನ್ನೇ ಆಡುವುದಿಲ್ಲ.

ಅವಳ ಮನೆ ಟೋಕಿಯೋ ಪಕ್ಕದ ವಾಕೋ ಊರಿನಲ್ಲಿ, ಒಂದು ಹಳೆಯ ಕಟ್ಟಡದ ನೆಲಮಹಡಿಯಲ್ಲಿ. ಊಟದ ಮೇಜಿನ ಪಕ್ಕದ ಕಿಟಕಿ ಬೀದಿಗೆ ತೆರೆದುಕೊಳ್ಳುತ್ತದೆ. ಗಂಡ ಶ್ರೀಹರ್ಷ ಬೆಳಿಗ್ಗೆ ರೈಲು ಹಿಡಿದು ಟೋಕಿಯೋದ ಸಾಫ್ಟ್‌ವೇರ್ ಆಫೀಸಿಗೆ ಹೋದರೆ ಸಂಜೆಯವರೆಗೂ ಆ ಕಿಟಕಿಯೇ ಅವಳಿಗೆ ಜೊತೆ. ಎದುರು ಮನೆಯಲ್ಲಿ ಓನುಕಿ ಸಾನ್, ನಮ್ಮ ಮಾತಿನಲ್ಲಿ ಓನುಕಿಯವರು, ಎಪ್ಪತ್ತು ದಾಟಿದ ವಿಧವೆ. ದಿನಾ ಬೀದಿ ಗುಡಿಸುತ್ತಾರೆ, ದಿನಾ ನಗುತ್ತಾರೆ. ಇಷ್ಟು ನಗುವವರಿಗೆ ಏನೋ ಬೇಕಾಗಿರುತ್ತದೆ ಎಂಬುದು ಹಂಸಾಳ ತೀರ್ಮಾನ.

ಹಿಂದಿನ ವರ್ಷ ಅವಳ ತಾಯಿ ಚಾಮುಂಡೇಶ್ವರಿ ಮಗಳ ಸಂಸಾರ ನೋಡಲು ಬಂದಿದ್ದರು. ಆಕೆ ಕ್ರೋಶಾ ಹುಚ್ಚಿನ ಹೆಂಗಸು. ಮೈಸೂರಿನ ಮನೆಯಲ್ಲಿ ಟೀವಿಗೆ, ಫ್ರಿಜ್ಜಿಗೆ, ನೀರಿನ ಫಿಲ್ಟರಿಗೆ, ಕೊನೆಗೆ ಗ್ಯಾಸ್ ಸಿಲಿಂಡರಿಗೂ ಬಿಳಿ ದಾರದ ಅಂಗಿ ತೊಡಿಸಿದ್ದವರು. ವಾಕೋದ ಊಟದ ಮೇಜಿನ ಮೇಲೆ ನೇತಾಡುತ್ತಿದ್ದ ಬೋಳು ಬಲ್ಬು ನೋಡಿ ಅವರಿಗೆ ಸಹಿಸಲಾಗಲಿಲ್ಲ.

“ಇದೇನೇ ಇದು, ಮುಖಕ್ಕೆ ಟಾರ್ಚ್ ಬಿಟ್ಟ ಹಾಗೆ? ಊಟ ಮಾಡ್ತೀರೋ, ಆಪರೇಷನ್ ಮಾಡ್ಸ್ಕೋತೀರೋ?” ಎಂದು ಕೇಳಿದವರೇ ಬಿಳಿ ಹತ್ತಿಯ ದಾರ ತರಿಸಿ, ದೀಪಕ್ಕೊಂದು ಜಾಲರಿಯ ಮುಸುಕು ಹಾಕಲು ಕೂತರು. ಬೀದಿ ಬದಿಯ ಬೆಂಚಿನ ಮೇಲೆ ಬಿಸಿಲು ಕಾಯುತ್ತಾ ಕ್ರೋಶಾ ಕಡ್ಡಿ ಆಡಿಸುತ್ತಿದ್ದರೆ ಓನುಕಿ ಸಾನ್ ಪಕ್ಕ ಬಂದು ಕೂರುತ್ತಿದ್ದರು. ಇವರಿಗೆ ಜಪಾನಿ ಬಾರದು, ಅವರಿಗೆ ಕನ್ನಡ ಬಾರದು. ಆದರೂ ಗಂಟೆಗಟ್ಟಲೆ ಅದೇನೋ ಮಾತು. ‘ಆ ಯಮ್ಮನಿಗೆ ನಮ್ಮಮ್ಮನ ಹತ್ತಿರ ಏನು ಕೆಲಸ?’ ಎಂದು ಹಂಸಾ ಕಿಟಕಿಯಿಂದ ಕಾವಲು ಕಾಯುತ್ತಿದ್ದಳು. ಮುಸುಕಿನ ಮೇಲ್ಭಾಗದ ಚಕ್ರ ಮುಗಿಯುವಷ್ಟರಲ್ಲಿ ವೀಸಾ ಮುಗಿಯಿತು. “ಮಿಕ್ಕಿದ್ದು ನೀನೇ ಹಾಕು. ಕೆಳಗೆ ಒಂದು ಕುಚ್ಚು ಬಿಡೋದು ಮರೀಬೇಡ” ಎಂದು ಹೇಳಿ ಅಮ್ಮ ವಿಮಾನ ಹತ್ತಿದರು.

ಫೆಬ್ರವರಿಯಲ್ಲಿ ಅಮ್ಮ ಹೋಗಿಬಿಟ್ಟರು. ಬೆಳಿಗ್ಗೆ ತಿಂಡಿ ತಿಂದವರು ಮಧ್ಯಾಹ್ನಕ್ಕಿಲ್ಲ. ಹಂಸಾ ಆಗ ಅಪೆಂಡಿಕ್ಸ್ ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದಳು. ವಿಮಾನ ಹತ್ತುವುದಿರಲಿ, ಎದ್ದು ಕೂರುವುದಕ್ಕೂ ಡಾಕ್ಟರು ಬಿಡಲಿಲ್ಲ. ತಮ್ಮ ಉದಯ್ ವಿಡಿಯೋ ಕಾಲ್ ಮಾಡಿ ಫೋನನ್ನು ಯಾರದೋ ಕೈಗೆ ಕೊಟ್ಟ. ಜನರ ಬೆನ್ನು ಕಂಡಿತು, ಹಾರ ಕಂಡಿತು, ಆಮೇಲೆ ಚಿತ್ರ ನಿಂತೇಹೋಯಿತು. ಕರ್ಮಾಂತರ ಎಲ್ಲ ಉದಯ್‌ನದು. ಕೊಟ್ಟ ಹೆಣ್ಣಿಗೆ ಮೂರು ದಿನದ ಸೂತಕ, ಅಷ್ಟೇ. ಆ ಮೂರು ದಿನವೂ ಅವಳಿಗೆ ಗ್ಲೂಕೋಸ್ ಬಾಟಲಿಯ ಕೆಳಗೆ ಕಳೆದವು.

“ಅಮ್ಮ ಹಿಂದಿನ ದಿನ ಎಲ್ಲಾ ನಿನ್ ಹೆಸರೇ ಹೇಳ್ತಿದ್ರು ಕಣೇ” ಎಂದ ಉದಯ್. ಅವಳು ನಂಬಲಿಲ್ಲ. ದೂರದಲ್ಲಿರುವ ಹೆಣ್ಣುಮಕ್ಕಳಿಗೆಲ್ಲ ಹೀಗೇ ಹೇಳುತ್ತಾರೆ. ನಿಜ ಹೇಳಬೇಕೆಂದರೆ ಅವಳು ಆ ಸಾವನ್ನೇ ನಂಬಿರಲಿಲ್ಲ. ಕಣ್ಣಾರೆ ಕಾಣದ್ದನ್ನು ಎಂದೂ ನಂಬದವಳು ಇದೊಂದನ್ನು ಹೇಗೆ ನಂಬಿಯಾಳು? ಅಳು ಬರಲಿಲ್ಲ. ವಸಂತ ಹೋಯಿತು, ಜೂನಿನ ಜಿಟಿಜಿಟಿ ಮಳೆ ಬಂತು, ಆಗಲೂ ಬರಲಿಲ್ಲ. ಎದೆಯಲ್ಲಿ ಏನೋ ಕಲ್ಲಿನ ಹಾಗೆ ಕೂತಿತ್ತು. ಅದನ್ನು ಇಳಿಸುವುದಕ್ಕೆ ಅವಳ ಪಾಲಿಗೆ ಒಂದು ಶಾಸ್ತ್ರವೂ ಉಳಿದಿರಲಿಲ್ಲ.

ಜುಲೈನಲ್ಲಿ ಒಂದು ದಿನ ಕಪಾಟಿನಿಂದ ಅಮ್ಮನ ಅರೆಬರೆ ಚಕ್ರವನ್ನು ಹೊರತೆಗೆದಳು. ಕ್ರೋಶಾ ಕಡ್ಡಿ ಅಮ್ಮ ಸಿಕ್ಕಿಸಿದ್ದ ಕಡೆಯೇ ಇತ್ತು. ಆ ಕುಣಿಕೆಯಿಂದಲೇ ಶುರು ಮಾಡಿದಳು. ಅಮ್ಮನ ಕೈ ಬಿಗಿ, ಇವಳದು ಸಡಿಲ. ಹೀಗಾಗಿ ಅಮ್ಮನದು ಎಲ್ಲಿಗೆ ಮುಗಿಯಿತು, ಇವಳದು ಎಲ್ಲಿ ಶುರುವಾಯಿತು ಎಂದು ಯಾರು ಬೇಕಾದರೂ ಬೆರಳಿಟ್ಟು ತೋರಿಸಬಹುದಿತ್ತು. ಜಾಲರಿ ಮುಗಿದ ಮೇಲೆ ಅದನ್ನು ಊದಿದ ಬಲೂನಿನ ಮೇಲೆ ತೊಡಿಸಿ, ಅಮ್ಮ ಸೀರೆಗೆ ಹಾಕುತ್ತಿದ್ದಂತೆ ಗಂಜಿ ಬಳಿದಳು. ಜಪಾನಿನ ಅಂಟಕ್ಕಿಯ ಗಂಜಿ ಒಣಗಿದರೆ ಹಪ್ಪಳದಷ್ಟು ಗರಿಗರಿ. ಬಲೂನು ಒಡೆದಾಗ ಜಾಲರಿ ತಾನೇ ನಿಂತಿತು. ಬಲೂನು ಉದ್ದನೆಯದಾದ್ದರಿಂದ ಮುಸುಕು ದುಂಡಗಾಗದೆ ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಕೆಳಗೆ ಬಿಳಿ ಕುಚ್ಚು ಕಟ್ಟಿದಳು. ಮೇಜಿನ ಮೇಲಿದ್ದ ಬಲ್ಬಿನ ವಯರನ್ನು ಕಿಟಕಿಯ ಕಡೆಗೆ ಎಳೆಸಿ, ಬೀದಿಗೂ ಕಾಣಲಿ ಎಂದು ಅಲ್ಲಿ ತೂಗುಹಾಕಿದಳು. ಆಗಸ್ಟ್ ಶುರುವಾಗಿತ್ತು.

“ಸೂಪರ್ ಆಗಿದೆ ಕಣೇ” ಎಂದ ಶ್ರೀಹರ್ಷ.

“ಸುಮ್ನೆ ಹೇಳ್ತಿದೀರಾ?”

“ದೇವ್ರಾಣೆ.”

ಆಣೆ ಬೇರೆ ಇಟ್ಟನಲ್ಲ ಎಂದು ಅವಳಿಗೆ ಇನ್ನಷ್ಟು ಅನುಮಾನ ಬಂತು.

ಬೀದಿ ಬದಲಾದದ್ದು ಅದರ ಮರುದಿನದಿಂದ. ನಾಯಿ ತಿರುಗಾಡಿಸುವ ಮುದುಕರೊಬ್ಬರು ಕಿಟಕಿಯ ಮುಂದೆ ನಿಂತು, ದೀಪ ನೋಡಿ, ಟೋಪಿ ತೆಗೆದು ಕೈಮುಗಿದು ಹೋದರು. ಕಸ ಇಡುವ ಜಾಗದಲ್ಲಿ ಗುಸುಗುಸು ಮಾತಾಡುತ್ತಿದ್ದ ಹೆಂಗಸರು ಹಂಸಾಳನ್ನು ಕಂಡೊಡನೆ ಬಾಯಿ ಮುಚ್ಚಿ ತಲೆ ಬಾಗಿಸಿದರು. ಯಾವಾಗಲೂ ನಗುವ ಓನುಕಿ ಸಾನ್ ಕೂಡ ನಗಲಿಲ್ಲ! ಕಣ್ಣು ಕೆಳಗೆ ಹಾಕಿ, ಎಂದಿಗಿಂತ ಆಳವಾಗಿ ಬಗ್ಗಿದರು. ಏನು ತಪ್ಪು ಮಾಡಿದೆ? ಪ್ಲಾಸ್ಟಿಕ್ ಕಸವನ್ನು ಅದರದಲ್ಲದ ದಿನ ಇಟ್ಟೆನೇ? ಇಂಗಿನ ಒಗ್ಗರಣೆ ಬೀದಿಗೆಲ್ಲ ಹಬ್ಬಿತೇ?

ಎರಡು ದಿನ ಬಿಟ್ಟು ಬಾಗಿಲ ಹಿಡಿಗೆ ಒಂದು ಚೀಲ ನೇತುಬಿದ್ದಿತ್ತು. ಬೆಲ್ ಮಾಡಿರಲಿಲ್ಲ, ಹೆಸರಿರಲಿಲ್ಲ. ಒಳಗೆ ಬೂದು ಕಾಗದದಲ್ಲಿ ಸುತ್ತಿದ ಊದುಬತ್ತಿ.

“ನೋಡಿದ್ರಾ? ಒಗ್ಗರಣೆ ವಾಸ್ನೇಗೆ ಕಂಪ್ಲೇಂಟ್ ಇದು. ಬಾಯ್ಬಿಟ್ಟು ಹೇಳೋಕೆ ಆಗಲ್ಲ, ಊದುಬತ್ತಿ ತಂದಿಡ್ತಾರೆ” ಎಂದು ಅವಳು ಗಂಡನ ಮುಂದೆ ಹಾರಾಡಿದಳು.

“ಗಿಫ್ಟ್ ಇರ್ಬೋದು. ನೀನು ಎಲ್ಲದಕ್ಕೂ ಓವರ್ ಥಿಂಕ್ ಮಾಡ್ತೀಯ” ಎಂದು ಅವನು ಮೊಸರನ್ನ ಕಲೆಸಿಕೊಂಡ. ಅನುಮಾನವೇ ಪಡದ ಗಂಡಸರ ಮೇಲೆ ಅವಳಿಗೆ ಮೊದಲಿನಿಂದಲೂ ಸಿಟ್ಟು.

ಆಮೇಲೆ ಬಿಳಿ ಸೇವಂತಿಗೆ ಬಂತು, ಅದೂ ಕದ್ದುಮುಚ್ಚಿ. ಹನ್ನೆರಡನೇ ತಾರೀಖು ಸಂಜೆ ತರಕಾರಿ ತಂದು ಬಾಗಿಲು ತೆಗೆಯಲು ಬಗ್ಗಿದವಳು ಹೌಹಾರಿ ಹಿಂದಕ್ಕೆ ಸರಿದಳು. ಹೊಸ್ತಿಲಿನ ಪಕ್ಕ ಒಂದು ಎಲೆ. ಎಲೆಯ ಮೇಲೆ ಒಂದು ಸೌತೆಕಾಯಿ, ಒಂದು ಬದನೆಕಾಯಿ. ಎರಡಕ್ಕೂ ಹೊಟ್ಟೆಯ ಕೆಳಗೆ ನಾಲ್ಕು ನಾಲ್ಕು ಕಡ್ಡಿ ಚುಚ್ಚಿ ನಿಲ್ಲಿಸಲಾಗಿತ್ತು. ಎರಡೂ ಅವಳ ಬಾಗಿಲನ್ನೇ ನೋಡುತ್ತಿದ್ದವು.

ಮೈಸೂರಿನಲ್ಲಿ ಹುಟ್ಟಿ ಬೆಳೆದವಳಿಗೆ ಇದರ ಅರ್ಥ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಲ್ಲಿ ನಿಂಬೆಹಣ್ಣು, ಇಲ್ಲಿ ಬದನೆಕಾಯಿ, ಅಷ್ಟೇ ವ್ಯತ್ಯಾಸ. ಒಳಗೋಡಿ ಕಾಶಿವಾ ಊರಿನಲ್ಲಿದ್ದ ಗೆಳತಿ ನಿಶಾಗೆ ಫೋನ್ ಮಾಡಿದಳು.

“ಚುಚ್ಚಿದಾರಾ? ನಿಜವಾಗ್ಲೂ ಚುಚ್ಚಿದಾರಾ?” ನಿಶಾಳ ದನಿ ಇಳಿಯಿತು. “ಹಂಗಾದ್ರೆ ಡೌಟೇ ಇಲ್ಲ ಕಣೇ, ಮಾಟ. ಬರಿಗೈಲಿ ಮಾತ್ರ ಮುಟ್ಬೇಡ. ಉಪ್ಪು ಮೆಣಸಿನ್ಕಾಯಿ ನಿವಾಳಿಸಿ ಮೂರು ದಾರಿ ಸೇರೋ ಕಡೆ ಬಿಸಾಕು.”

“ಮೂರು ದಾರಿ ಸೇರೋ ಕಡೆ ಕಸ ಹಾಕಿದ್ರೆ ಇಲ್ಲಿ ಪೊಲೀಸ್ರು ಬರ್ತಾರೆ!”

ಕೊನೆಗೆ ಇಕ್ಕಳದಲ್ಲಿ ಎರಡನ್ನೂ ಎತ್ತಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ, ಮಾಟ ಯಾವ ಜಾತಿಯ ಕಸ ಎಂದು ಸ್ವಲ್ಪ ಹೊತ್ತು ಯೋಚಿಸಿ, ಸುಡುವ ಕಸದ ಚೀಲಕ್ಕೆ ಹಾಕಿ ಗಂಟು ಬಿಗಿದಳು. ಮಾಡಿದವರು ಯಾರು ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಅಮ್ಮನ ಪಕ್ಕ ಕೂತು ಕೂತು, ಮನೆಯ ವಿಷಯವೆಲ್ಲ ತಿಳಿದುಕೊಂಡ ಆ ನಗುಮುಖದ ಹೆಂಗಸೇ.

ಬೆಳಿಗ್ಗೆ ಕಸ ಇಡಲು ಹೋದಾಗ ಓನುಕಿ ಸಾನ್ ಅಲ್ಲೇ, ಕಾಗೆ ಕೆದಕದಂತೆ ಕಸಕ್ಕೆ ಹೊದಿಸುವ ಬಲೆ ಸರಿಮಾಡುತ್ತಾ ನಿಂತಿದ್ದರು. ಆ ಊರಿನಲ್ಲಿ ಕಸದ ಚೀಲದೊಳಗೆ ಇರುವುದೆಲ್ಲ ಹೊರಗೆ ಕಾಣುತ್ತದೆ. ಹಂಸಾಳ ಚೀಲದಲ್ಲಿ ಮೆಣಸಿನಕಾಯಿಗಳ ನಡುವೆ ಬದನೆಕಾಯಿ ನಾಲ್ಕೂ ಕಾಲು ಮೇಲೆತ್ತಿ ಬಿದ್ದಿತ್ತು. ಮುದುಕಿ ಅದನ್ನು ನೋಡಿದರು. ಅವರ ಮುಖ ಬಾಡಿಹೋಯಿತು. ಸಿಕ್ಕಿಬಿದ್ದೆಯಾ ಎಂದುಕೊಂಡಳು ಹಂಸಾ.

ಆದರೆ ಮುದುಕಿ ಕ್ಷಮೆ ಕೇಳತೊಡಗಿದರು. “ಸುಮಿಮಾಸೆನ್, ಹಂಸಾ ಸಾನ್. ನಿಮ್ಮ ಧರ್ಮ ಬೇರೆ. ಕೇಳದೆ ಇಟ್ಟದ್ದು ನನ್ನ ತಪ್ಪು.”

“ಅದೇನು? ಯಾಕೆ ಇಟ್ರಿ?” ಹಂಸಾ ತನಗೆ ಬರುವ ಹರಕುಮುರುಕು ಜಪಾನಿಯಲ್ಲಿ ಖಾರವಾಗಿಯೇ ಕೇಳಿದಳು.

ಓನುಕಿ ಸಾನ್ ಕಸದ ಬಲೆ ಬಿಟ್ಟು, ಮಗುವಿಗೆ ಹೇಳುವಂತೆ ನಿಧಾನವಾಗಿ ಹೇಳಿದರು. ಇವತ್ತಿನಿಂದ ಓಬೋನ್. ತೀರಿಕೊಂಡವರು ಮನೆಗೆ ಬರುವ ಹಬ್ಬ. ಯಾರಾದರೂ ಹೋದ ಮೇಲೆ ಬರುವ ಮೊದಲನೆಯ ಓಬೋನ್‌ಗೆ ಮಾತ್ರ ಆ ಮನೆಯವರು ಬಿಳಿಯ ದೀಪ ತೂಗುಹಾಕುತ್ತಾರೆ. ಬರುವವರಿಗೆ ಮನೆ ಗೊತ್ತಾಗಬೇಕಲ್ಲ, ಹೊಸಬರು ದಾರಿ ತಪ್ಪಬಾರದು. ಸೌತೆಕಾಯಿ ಕುದುರೆ, ಬೇಗ ಬರಲಿ ಎಂದು. ಬದನೆಕಾಯಿ ಹಸು, ಹೋಗುವಾಗ ನಿಧಾನವಾಗಿ ಹೋಗಲಿ ಎಂದು. “ನಿಮ್ಮ ಕಿಟಕಿಯಲ್ಲಿ ದೀಪ ಕಂಡಿತು. ಬಿಳಿ ಕುಚ್ಚು ಇತ್ತು. ಮೇಲಿನ ಚಕ್ರ ನೋಡಿದ ಕೂಡಲೇ ಯಾರ ಕೈಯದೆಂದು ಗೊತ್ತಾಯಿತು. ನನ್ನ ಪಕ್ಕದಲ್ಲೇ ಕೂತು ಹಾಕಿದ್ದಲ್ಲವೇ? ಹಾಗಾದರೆ… ಹೋದವರು ಅವರೇ ಇರಬೇಕು ಎಂದುಕೊಂಡೆ. ಕೇಳಲು ಧೈರ್ಯವಾಗಲಿಲ್ಲ.”

ಹಂಸಾ ಬಾಯಿ ತೆರೆದಳು. ಅದು ಬರೀ ಲ್ಯಾಂಪ್ ಶೇಡು, ಚೆಂದಕ್ಕೆ ಹಾಕಿದ್ದು ಎಂದು ಹೇಳಬೇಕಿತ್ತು. ಇಡೀ ಬೀದಿ ಅವಳ ಅಮ್ಮನಿಗಾಗಿ ಒಂದು ವಾರದಿಂದ ತಲೆ ಬಾಗಿಸಿತ್ತು. ಊರಿನ ಮುದುಕರು ಟೋಪಿ ತೆಗೆದಿದ್ದರು. ಯಾವ ಸಾವನ್ನು ಅವಳು ಇಷ್ಟು ತಿಂಗಳು ನಂಬಿರಲಿಲ್ಲವೋ ಅದನ್ನು ಇವರೆಲ್ಲ ಒಂದು ದೀಪ ನೋಡಿ ನಂಬಿದ್ದರು.

“ಹೌದು. ನಮ್ಮಮ್ಮ” ಎಂದಳು ಕನ್ನಡದಲ್ಲೇ. ಬೇರೆ ಯಾವ ಭಾಷೆಯೂ ಬಾಯಿಗೆ ಬರಲಿಲ್ಲ. ಆಮೇಲೆ ಕಸದ ಚೀಲ ಕೈಯಲ್ಲಿ ಹಿಡಿದುಕೊಂಡೇ, ನಡುಬೀದಿಯಲ್ಲಿ, ಗೋಳೋ ಎಂದು ಅತ್ತಳು. ಯಾರಾದರೂ ನೋಡಿದರೆ ಏನಂದುಕೊಂಡಾರು ಎಂದು ಜೀವನದಲ್ಲಿ ಮೊದಲ ಬಾರಿ ಅವಳಿಗೆ ಹೊಳೆಯಲಿಲ್ಲ. ಓನುಕಿ ಸಾನ್ ಅವಳ ಕೈಯಿಂದ ಚೀಲ ಬಿಡಿಸಿಕೊಂಡು, ತಮ್ಮ ಏಪ್ರನ್ನಿನ ತುದಿಯಿಂದ ಅವಳ ಮುಖ ಒರೆಸಿದರು.

ಕಸದ ಲಾರಿ ಬಂದು ಕುದುರೆಯನ್ನೂ ಹಸುವನ್ನೂ ಒಯ್ದಿತು. ಹಂಸಾ ದಡಬಡನೆ ಮನೆಗೆ ಬಂದಳು. ಸಂಜೆಯೊಳಗೆ ಅಮ್ಮನಿಗೆ ವಾಹನವಾಗಬೇಕಲ್ಲ. ಫ್ರಿಜ್ಜಿನಲ್ಲಿದ್ದ ಸೌತೆಕಾಯಿಗಳಲ್ಲಿ ನೆಟ್ಟಗಿದ್ದದ್ದನ್ನು ಆರಿಸಿ, ಬೀದಿ ಮೂಲೆಯ ಕೊಂಬಿನಿ ಅಂಗಡಿಯ ಊಟದ ಜೊತೆ ಬಂದಿದ್ದ ಮರದ ಕಡ್ಡಿಗಳನ್ನು ಮುರಿದು ಕಾಲು ಚುಚ್ಚಿದಳು. ಒಂದು ಕಾಲು ಕುಂಟಾಯಿತು, ಬಿಚ್ಚಿ ಮತ್ತೆ ಚುಚ್ಚಿದಳು. ಅಮ್ಮನಿಗೆ ಮೊದಲೇ ಮಂಡಿನೋವು. ಕುದುರೆಯನ್ನು ದೀಪದ ಕೆಳಗೆ, ಮುಖ ಮನೆಯೊಳಗೆ ಮಾಡಿ ನಿಲ್ಲಿಸಿದಳು. ಆಮೇಲೆ ಬದನೆಕಾಯಿ ಕೈಗೆತ್ತಿಕೊಂಡಳು. ಕಡ್ಡಿಯನ್ನೂ ಎತ್ತಿಕೊಂಡಳು. ಬಹಳ ಹೊತ್ತು ಹಾಗೇ ನಿಂತಿದ್ದು, ಕಡ್ಡಿ ಕೆಳಗಿಟ್ಟು ಚಾಕು ತೆಗೆದುಕೊಂಡಳು.

ಆ ಸಂಜೆ ಶ್ರೀಹರ್ಷ ಬಂದಾಗ ದೀಪ ಉರಿಯುತ್ತಿತ್ತು. ಮೇಜಿನ ಮೇಲೆ ಬದನೆಕಾಯಿ ಎಣ್ಣೆಗಾಯಿ, ಅಕ್ಕಿ ರೊಟ್ಟಿ, ಮತ್ತು ಮೂರು ತಟ್ಟೆ. ಅವಳು ನಡೆದದ್ದನ್ನು ಹೇಳಿದಳು. ಅವನು ಓವರ್ ಥಿಂಕ್ ಎನ್ನಲಿಲ್ಲ. ಮೂರನೆಯ ತಟ್ಟೆಗೆ ತಾನೇ ರೊಟ್ಟಿ ಬಡಿಸಿದ.

ಹದಿನಾರರ ಸಂಜೆ, ಹಬ್ಬ ಮುಗಿಯುವ ದಿನ, ಓನುಕಿ ಸಾನ್ ಕಿಟಕಿಯ ಬಳಿ ಬಂದರು. ಬಾಡಿದ ಸೌತೆ ಕುದುರೆಯನ್ನು ಕಂಡು ಮೆಚ್ಚಿಕೊಂಡು, ಅತ್ತಿತ್ತ ನೋಡಿದರು.

“ಹಸು ಎಲ್ಲಿ?”

“ತಿಂದುಬಿಟ್ವಿ” ಎಂದಳು ಹಂಸಾ.

ಮುದುಕಿ ಗಾಬರಿಯಾದರು. “ಹಾಗಾದರೆ ಅಮ್ಮ ವಾಪಸ್ ಹೋಗುವುದು ಹೇಗೆ?”

ಹಂಸಾ ದೀಪದ ಕುಚ್ಚು ಸರಿಮಾಡುತ್ತಾ ಹೇಳಿದಳು, “ಹೋಗೋದು ಬೇಡ ಅಂತಾನೇ.”

ಓನುಕಿ ಸಾನ್ ಬಾಗಿಲಿಗೆ ಬಂದು ಚಪ್ಪಲಿ ಬಿಟ್ಟರು. ಆಮೇಲೆ ಒಳಗೆ ಬಂದು, ಅಮ್ಮ ಕೂರುತ್ತಿದ್ದ ಕುರ್ಚಿಯ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. ಹಂಸಾ ಇನ್ನೊಂದು ತಟ್ಟೆ ತಂದಳು.