ನಕ್ಷೆಯಲ್ಲಿಲ್ಲದ ಕಿಟಕಿ

ಮಧ್ಯಾಹ್ನ ಕಳೆದ ಮೇಲೆ ನಮ್ಮ ಹಿತ್ತಲಿಗೆ ಬರುವ ಕಾಗೆ ಯಾವತ್ತೂ ಪಡುವಣಕ್ಕೆ ಮುಖ ಮಾಡಿಯೇ ಕೂರುತ್ತದೆ. ನೀವೂ ನೋಡಿರಬಹುದು. ನೋಡದಿದ್ದರೆ ನಾಚಿಕೊಳ್ಳಬೇಕಾಗಿಲ್ಲ, ಕಾಪುವಿನ ಕಡಲ ಬದಿಯಲ್ಲೇ ಹುಟ್ಟಿ ಐವತ್ತೆಂಟು ವರ್ಷ ಕಳೆದ ನಾನೇ ಅದನ್ನು ಗಮನಿಸಿದ್ದು ಮೊನ್ನೆ ಮೊನ್ನೆ. ಗಾಳಿಗೆ ಬೆನ್ನು ಕೊಟ್ಟು ಕೂತರೆ ಗರಿ ಕೆದರುತ್ತದೆ ಎಂಬಷ್ಟು ಬುದ್ಧಿ ಕಾಗೆಗೆ ಉಂಟು. ಆರನೆಯ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ಅಷ್ಟು ಇರಬೇಕಿತ್ತು, ಯಾಕೆಂದರೆ ಅದನ್ನು ಏಳನೆಯ ಕ್ಲಾಸಿನಲ್ಲಿ ಕಲಿಸುವುದೇನೂ ಅಲ್ಲ.

ಇಪ್ಪತ್ತು ವರ್ಷ ನಾನು ಮಲ್ಪೆಯಿಂದ ಕಾರ್ಕಳಕ್ಕೆ ಮೀನಿನ ಟೆಂಪೋ ಓಡಿಸಿದವನು. ಒಮ್ಮೆ ಮಣಿಪಾಲದ ಒಂದು ಮನೆಗೆ ಅಂಜಲ್ ಮೀನು ಕೊಡಲು ಹೋದಾಗ ಅವರ ಹಿತ್ತಲಲ್ಲಿ ಒಂದು ವೈಭವ ಕಂಡೆ. ಇಟ್ಟಿಗೆಯ ದೊಡ್ಡ ಒಲೆ, ಮೇಲೆ ಚಿಮಣಿ, ಸುತ್ತ ಕೂರಲು ಕಟ್ಟೆ. ಮನೆಯ ಯಜಮಾನರೇ ಏಪ್ರನ್ ಕಟ್ಟಿಕೊಂಡು ಮೀನು ಮಗುಚುತ್ತಿದ್ದರು. ನಮ್ಮಲ್ಲಿ ಗಂಡಸು ಮೀನು ಸುಡುವುದನ್ನು ಕಂಡರೆ, ಹೆಂಡತಿಗೆ ಜ್ವರವೇ ಎಂದು ಕೇಳುತ್ತಾರೆ. ಚಿಮಣಿ ಒಂದು ಇದ್ದುಬಿಟ್ಟರೆ ಅದು ಬಾರ್ಬೆಕ್ಯೂ ಆಗುತ್ತದೆ, ಗಂಡಸಿಗೆ ಮರ್ಯಾದೆಯೂ ಬರುತ್ತದೆ. ಆ ಮರ್ಯಾದೆಯ ಆಸೆ ನನಗೆ ಹತ್ತಿತು.

ಒಂದು ಮದುವೆ ಕಾಗದದ ಬೆನ್ನಿನ ಮೇಲೆ ನಾನೇ ನಕ್ಷೆ ಬರೆದೆ. ಬಾವಿ ಬರೆದೆ, ಎರಡು ತೆಂಗಿನ ಮರ ಬರೆದೆ, ಬಟ್ಟೆ ಒಗೆಯುವ ಕಲ್ಲು ಬರೆದೆ, ಪಕ್ಕದ ಮನೆಯ ನಾಯಿ ನುಗ್ಗುವ ಬೇಲಿಯ ಸಂದನ್ನೂ ಬರೆದೆ. ಮನೆಯ ಪಡುಗೋಡೆಯನ್ನು ಒಂದೇ ಗೆರೆಯಲ್ಲಿ ಎಳೆದು, ಅದರ ಎದುರಿಗೇ ಒಲೆ ಬರೆದು ಮುಗಿಸಿದೆ. ಆ ಗೋಡೆಯಲ್ಲಿ ಒಂದು ಕಿಟಕಿ ಇತ್ತು.

ಆ ಕಿಟಕಿಯ ಒಳಗೆ ನನ್ನ ಅಕ್ಕ ಇದ್ದಳು. ಗುಲಾಬಿ ಅಕ್ಕ, ನನಗಿಂತ ಒಂಬತ್ತು ವರ್ಷ ದೊಡ್ಡವಳು. ತಲೆಯ ಮೇಲೆ ಬುಟ್ಟಿ ಹೊತ್ತು ಬಸ್ಸು ಹತ್ತಿ ಕಾರ್ಕಳದ ಮಾರ್ಕೆಟ್ಟಿನಲ್ಲಿ ಮೀನು ಮಾರಿ ನನ್ನನ್ನು ಸಾಕಿದವಳು. ಮೊಣಕಾಲು ಹೋದ ಮೇಲೆ ಹಿಂದಿನ ಕೋಣೆಯಲ್ಲಿ ಕಿಟಕಿಗೆ ಆತು ಕೂತು, ಎರಡು ತೆಂಗಿನ ಮರಗಳ ನಡುವೆ ಕಾಣುವ ಗೇಣಗಲದ ಕಡಲನ್ನು ನೋಡುವುದೇ ಅವಳ ಕೆಲಸ. ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ನಮ್ಮಲ್ಲಿ ಮನೆ ಹೆಣ್ಣಿನದು. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಅಕ್ಕನಿಗೆ ಬಂದ ಮನೆ ಅದು. ನಾನು ಅಲ್ಲಿ ಉಳಿದುಕೊಂಡವನು, ಅಷ್ಟೆ.

ಕಾರ್ಕಳದಿಂದ ಬಂದ ಸದಾನಂದ ಮೇಸ್ತ್ರಿ ನಕ್ಷೆಯನ್ನೂ ಗೋಡೆಯನ್ನೂ ಎರಡೆರಡು ಸಲ ನೋಡಿದ.

"ಅಣ್ಣ, ಇಲ್ಲಿ ಕಿಟಕಿ ಉಂಟಲ್ಲ. ಒಳಗೆ ಯಾರಿದ್ದಾರೆ?"

"ಯಾರೂ ಇಲ್ಲ ಮಾರಾಯ. ನೀನು ಕಲ್ಲು ಇಡು."

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಸುಳ್ಳಾಗಿದ್ದರೆ ನಾಲಗೆಯಾದರೂ ಒಂದಿಷ್ಟು ತಡವರಿಸುತ್ತಿತ್ತು. ಕೇಳಿದ ಕೂಡಲೇ ಬಾಯಿಗೆ ಬಂದದ್ದು ಅದೇ.

ಹದಿನೈದು ದಿನದಲ್ಲಿ ಕೆಂಪುಕಲ್ಲಿನ ಒಲೆ ಎದ್ದಿತು, ಕರಿಕಲ್ಲಿನ ಹಾಸು ಬಂತು, ಆಳೆತ್ತರ ಮೀರಿದ ಚಿಮಣಿ ನಿಂತಿತು. ಒಂದು ಬೆಳಿಗ್ಗೆ ತೆಂಗಿನ ಗೆರಟೆ ಉರಿಸಿ ಪರೀಕ್ಷೆ ಮಾಡಿದೆ. ಹೊಗೆ ಹೇಳಿದ ಮಾತು ಕೇಳುವ ಮಗುವಿನ ಹಾಗೆ ನೇರ ಕಡಲಿಗೆ ಹೋಯಿತು. ಬೆಳಗಿನ ಗಾಳಿ ನೆಲದಿಂದ ಕಡಲಿಗೆ, ಮಧ್ಯಾಹ್ನದ ಮೇಲೆ ಕಡಲಿಂದ ನೆಲಕ್ಕೆ. ಇದನ್ನು ನಮ್ಮ ಜಾತಿಯ ಮಕ್ಕಳು ತೊಟ್ಟಿಲಲ್ಲೇ ಕಲಿಯುತ್ತಾರೆ. ನಾನು ಟೆಂಪೋದ ಗಾಜು ಏರಿಸಿಕೊಂಡು ಮರೆತಿದ್ದೆ.

ಭಾನುವಾರ ಸಂಜೆ ನಾಲ್ಕಕ್ಕೆ ಅಂಬಲಪಾಡಿಯಿಂದ ಹೆಂಡತಿಯ ಅಣ್ಣಂದಿರು, ಟೆಂಪೋದ ಗೆಳೆಯರು ಎಲ್ಲ ಬಂದರು. ನಾನು ಏಪ್ರನ್ ಕಟ್ಟಿದೆ. ಬಂಗುಡೆ ಮೀನಿನ ಮಸಾಲೆ ಕೆಂಡಕ್ಕೆ ತೊಟ್ಟಿಕ್ಕಿತು, ಚಿಮಣಿಯ ಬಾಯಿಂದ ಹೊಗೆ ಎದ್ದಿತು, ಮಡಚಿತು, ಗೋಡೆಯ ಕಡೆ ಹರಿಯಿತು. "ಭಾವ, ಮೀನಿನ ಜೊತೆ ಮನೆಯನ್ನೂ ಸುಡುತ್ತೀರಾ?" ಎಂದು ಒಬ್ಬ ತಮಾಷೆ ಮಾಡಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಗ ಕೆಮ್ಮು ಕೇಳಿಸಿತು.

"ಅಯ್ಯೋ, ಒಳಗೆ ಯಾರೋ ಇದ್ದಾರೆ ಮಾರಾಯ್ರೆ!" ಎಂದ ಟೆಂಪೋದ ಗೆಳೆಯನೊಬ್ಬ.

ಯಾರೋ! ನನಗೆ ಕೈಯಲ್ಲಿದ್ದ ಇಕ್ಕಳ ಎಲ್ಲಿ ಬಿತ್ತೆಂದು ಈಗಲೂ ಗೊತ್ತಿಲ್ಲ. ಓಡಿ ಹೋಗಿ ಬಾಗಿಲು ತಳ್ಳಿದೆ. ಕೋಣೆಯಲ್ಲಿ ಹೊಗೆಯ ಹೊರತು ಏನೂ ಕಾಣಲಿಲ್ಲ. ಮತ್ತೆ ಮೆಲ್ಲಗೆ ಅಕ್ಕ ಕಂಡಳು. ಒದ್ದೆ ಮಾಡಿದ ಸೆರಗನ್ನು ಮೂಗಿಗೆ ಒತ್ತಿಕೊಂಡು ಕಿಟಕಿಯ ಪಕ್ಕದಲ್ಲೇ ಕೂತಿದ್ದಳು. ಕಿಟಕಿ ತೆರೆದೇ ಇತ್ತು.

"ಎಂತ ಅಕ್ಕ ಇದು! ಕಿಟಕಿ ಹಾಕಬಾರದಾ? ಒಂದು ಮಾತು ಕರೆಯಬಾರದಾ?"

ಅಕ್ಕ ಸೆರಗು ತೆಗೆದಳು. ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಮಾರ್ಕೆಟ್ಟಿನದೇ.

"ನೀನೇ ಮೇಸ್ತ್ರಿಗೆ ಹೇಳಿದಿಯಲ್ಲ ವಾಸು, ಇಲ್ಲಿ ಯಾರೂ ಇಲ್ಲ ಅಂತ. ಇಲ್ಲದವರು ಕಿಟಕಿ ಹಾಕುವುದು ಹೇಗೆ?"

ಒಂದು ಮೊಳ ದಪ್ಪದ ಗೋಡೆ, ತೆರೆದ ಕಿಟಕಿ, ಅದರ ಮುಂದೆ ನಿಂತು ನಾನು ಆಡಿದ ಮಾತು. ಅದನ್ನು ಕೇಳಿಯೂ ಅವಳು ಆ ಹದಿನೈದು ದಿನವೂ ನನಗೆ ಊಟ ಆಯಿತಾ ಎಂದು ಕೇಳಿದ್ದಳು. ಹೊರಗೆ ಬಂಗುಡೆ ಕರಟಿ ಕರಟಿ ಇದ್ದಿಲಾಗುತ್ತಿತ್ತು.

ಮರುದಿನ ಅವಳು ಚೀಲ ಕಟ್ಟಿಕೊಂಡು ಕಲ್ಯಾಣಪುರದಲ್ಲಿರುವ ನಮ್ಮ ತಂಗಿಯ ಮನೆಗೆ ಹೋದಳು. ಯಾವಾಗ ಬರುತ್ತಿ ಎಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ. ತನ್ನ ಮನೆಯಿಂದ ತಾನೇ ಹೊರಟವಳನ್ನು, ಉಳಿದುಕೊಂಡವನು ಯಾವ ಬಾಯಲ್ಲಿ ಕೇಳುವುದು? ಅವಳ ಕೋಣೆಗೆ ಹೋಗಿ ಅವಳ ಜಾಗದಲ್ಲಿ ಕೂತೆ. ಹೊರಗೆ ಕಡಲು ಇರಲಿಲ್ಲ. ನನ್ನ ಚಿಮಣಿ ಇತ್ತು. ಹೊಗೆ ಒಂದು ಸಂಜೆಯದು, ಈ ಒಲೆಯ ಗೋಡೆ ಹದಿನೈದು ದಿನವೂ ಒಂದೊಂದು ವರಸೆ ಅವಳ ಕಣ್ಣೆದುರೇ ಏರಿತ್ತು.

ಮೇಸ್ತ್ರಿಯನ್ನು ಕರೆಯಲು ನಾಚಿಕೆಯಾಗಿ ನಾನೇ ಹಾರೆ ಹಿಡಿದೆ. ಚಿಮಣಿ ಬಿದ್ದ ದಿನ ಅಕ್ಕನಿಗೆ ಫೋನ್ ಮಾಡಿದೆ.

"ಒಡೆಯುತ್ತಿದ್ದೇನೆ ಅಕ್ಕ."

"ಕಲ್ಲು ಪುಡಿ ಮಾಡಬೇಡ. ಒಳ್ಳೆಯ ಕಲ್ಲು ಅದು," ಎಂದಳು. ಮತ್ತೆ, "ಸಂಜೆಗೆ ಕಾಗೆ ಹೇಗೆ ಕೂರ್ತದೆ ನೋಡು. ಅದರ ಬಾಲದ ಕಡೆಗೆ ಕಟ್ಟು. ಮೀನು ಸುಡುವುದು ತಪ್ಪಲ್ಲ," ಎಂದು ಫೋನ್ ಇಟ್ಟಳು.

ಕಾಗೆಯ ಬಾಲ ಮೂಡಣಕ್ಕಿತ್ತು. ಎಂದರೆ ಹೊಗೆ ಮನೆಗೆ ತಾಗದ ಎದುರಿನ ಅಂಗಳ, ಗೇಟಿನ ಪಕ್ಕ, ದಾರಿಹೋಕರೆಲ್ಲ ನೋಡುವಲ್ಲಿ. ಮರ್ಯಾದೆ ಬೇಕೆಂದು ಹೊರಟವನಿಗೆ ಸಿಕ್ಕಿದ ಜಾಗ ಅದು. ಕಲ್ಲುಗಳನ್ನು ಒಂದೊಂದಾಗಿ ಹೊತ್ತು ಅಲ್ಲಿ ಪೇರಿಸಿದೆ.

ಹತ್ತನೆಯ ದಿನ ಸಂಜೆ ಹಿತ್ತಲಲ್ಲಿ ಉಳಿದ ಮೋಟು ಗೋಡೆಯನ್ನು ಕೀಳುತ್ತಿದ್ದೆ. ಅದರ ಮೇಲೆ ಕಾಗೆ ಎಂದಿನಂತೆ ಪಡುವಣಕ್ಕೆ ಮುಖ ಮಾಡಿ ಕೂತಿತ್ತು. ಹಿಂದೆ ಕಿಟಕಿಯ ಅಗುಳಿ ಸದ್ದಾಯಿತು. ಅಕ್ಕ ಬಸ್ಸು ಇಳಿದು ಬಂದದ್ದೂ ಗೊತ್ತಾಗಿರಲಿಲ್ಲ.

"ಯಾರು ಅಲ್ಲಿ?"

"ಯಾರೂ ಇಲ್ಲ ಅಕ್ಕ. ನಾನು."

"ಯಾರೂ ಇಲ್ಲದಿದ್ದರೆ ಬದಿಗೆ ಸರಿ ಮಾರಾಯ. ಕಡಲು ಕಾಣುವುದಿಲ್ಲ."

ನಾನು ಸರಿದೆ. ಕಾಗೆ ಮಾತ್ರ ಅಲ್ಲೇ ಕೂತಿತ್ತು. ಅದಕ್ಕೆ ಅವಳು ಏನೂ ಹೇಳಲಿಲ್ಲ.