ಪೇಷಂಟ್ ಕಡೆಯವರು

ಆಗ ನನಗೆ ಅರವತ್ತೇಳು. ಇದಾಗಿ ನಾಲ್ಕು ವರ್ಷವಾಯಿತು. ಐರ್ಲೆಂಡಿನಲ್ಲಿ ಮಗಳ ಮನೆಯ ಬಾಗಿಲಲ್ಲೇ, ಹಿಮ ಕಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡೆ. ಆಪರೇಷನ್ ಆಯಿತು. ಮಾರನೇ ಬೆಳಗ್ಗೆ ಔಷಧಿಯ ಮತ್ತು ಇನ್ನೂ ಪೂರಾ ಇಳಿದಿರಲಿಲ್ಲ, ಇಬ್ಬರು ಹುಡುಗಿಯರು ಬಂದು ಮಂಚದ ಎರಡು ಕಡೆ ನಿಂತು, ಎದ್ದು ನಿಲ್ಲು ಅಂದರು.

ಬೈದೆ. ಕನ್ನಡದಲ್ಲೇ ಬೈದೆ. ಅವರು ನಗುತ್ತಾ ಎತ್ತಿ ನಿಲ್ಲಿಸಿಯೇ ಬಿಟ್ಟರು.

ಸುಮ್ಮನೆ ಬೈದದ್ದಲ್ಲ. ತುರುವೇಕೆರೆಯ ಒಂದು ನರ್ಸಿಂಗ್ ಹೋಮಿನಲ್ಲಿ ಇಪ್ಪತ್ತಾರು ವರ್ಷ ಆಯಾ ಆಗಿದ್ದವಳು ನಾನು. ತೆಂಗಿನ ಮರದಿಂದ ಬಿದ್ದು ಬಂದವರನ್ನು ಕಂಡವಳು. ಕಾಲಿಗೆ ತೂಕ ಕಟ್ಟಿ ವಾರಗಟ್ಟಲೆ ಮಲಗಿಸುತ್ತಿದ್ದರು. ಅಲ್ಲಾಡಿದರೆ ಗದರುವುದು ನನ್ನ ಕೆಲಸವಾಗಿತ್ತು. ಈ ದೇಶದಲ್ಲಿ ಅಲ್ಲಾಡದಿದ್ದರೆ ಗದರುತ್ತಾರೆ. ಯಾವುದು ಸರಿ ಅಂತ ನನ್ನನ್ನು ಕೇಳಬೇಡಿ. ನಾನು ನಾಲ್ಕನೇ ದಿನ ನಡೆದೆ, ಅದು ನಿಜ.

ನಮ್ಮೂರು ದಬ್ಬೇಘಟ್ಟದ ಹತ್ತಿರ. ನನ್ನ ಓದು ಮೂರನೇ ಕ್ಲಾಸಿಗೆ ಮುಗಿಯಿತು. ಇದನ್ನು ಬರೆದವಳು ನಾನೇ, ಒತ್ತಕ್ಷರ ತಿದ್ದಿದವಳು ಮಗಳು ಮಂಜುಳ. ನನ್ನನ್ನು ಸೇರಿಸಿದ್ದ ಐರ್ಲೆಂಡಿನ ಆಸ್ಪತ್ರೆಯಲ್ಲೇ ಅವಳು ಮೇಲಿನ ಮಹಡಿಯ ನರ್ಸು. ಆದರೆ ಅವಳು ನನ್ನನ್ನು ಮುಟ್ಟುವ ಹಾಗಿರಲಿಲ್ಲ. ಬೇರೆಯವರ ತಾಯಂದಿರಿಗೆ ದಿನವೆಲ್ಲ ಮೈ ಒರೆಸುವವಳು, ನನ್ನ ಹತ್ತಿರ ಮಧ್ಯಾಹ್ನ ಎರಡು ಗಂಟೆಗೆ, ನೋಡಲು ಬಿಡುವ ಹೊತ್ತಿನಲ್ಲಿ, ನೆಂಟರ ಹಾಗೆ ಕೈಕಟ್ಟಿಕೊಂಡು ಕೂರುತ್ತಿದ್ದಳು.

"ತಲೆನಾದ್ರೂ ಬಾಚೇ," ಅಂದೆ ಒಂದು ದಿನ.

"ಅವ್ವ, ಬಾಚ್ತೀನಿ. ಆದ್ರೆ ಮಾತ್ರೆ, ಬೆಡ್ ಪ್ಯಾನು, ಕಾಲು, ಅವಕ್ಕೆಲ್ಲ ನಾನು ಕೈ ಹಾಕಂಗಿಲ್ಲ. ಈ ವಾರ್ಡಿಗೆ ನಾನು ನರ್ಸಲ್ಲ, ನಿನ್ನ ಮಗಳು ಅಷ್ಟೇ."

"ಮಗಳು ಮಾಡ್ದೆ ಇನ್ಯಾವಳು ಮಾಡ್ಬೇಕು ಅದ್ನೆಲ್ಲ?"

ನಮ್ಮಲ್ಲಿ ಒಂದು ಮಾತಿದೆ, ನಿಮಗೆ ಗೊತ್ತು: ಪೇಷಂಟ್ ಕಡೆಯವರು. ಇಪ್ಪತ್ತಾರು ವರ್ಷ ನಾನು ದಿನಕ್ಕೆ ನೂರು ಸಲ ಕೂಗಿದ ಮಾತು. "ನಾಲ್ಕನೇ ಬೆಡ್ಡಿನ ಕಡೆಯೋರು ಯಾರ್ರೀ? ಡ್ರಿಪ್ಪು ಮುಗೀತಾ ಬಂತು, ಕಣ್ಣಿಲ್ವಾ?" ಔಷಧಿ ತರುವವರು ಅವರು, ರಕ್ತ ಹೊಂದಿಸುವವರು ಅವರು, ಗಂಜಿ ಕುಡಿಸುವವರು, ಎಳನೀರು ಕೆತ್ತಿಸಿಕೊಂಡು ಬರುವವರು, ಮಂಚದ ಕೆಳಗೆ ಚಾಪೆ ಹಾಸಿ ಮಲಗುವವರು. ಅವರಿಲ್ಲದ ಪೇಷಂಟು ಅಂದರೆ ನಮ್ಮ ವಾರ್ಡಿನಲ್ಲಿ ಅನಾಥ ಹೆಣದ ಲೆಕ್ಕ. ಇಲ್ಲಿ ಕಡೆಯವರೇ ಇಲ್ಲ. ಎಲ್ಲ ನರ್ಸುಗಳೇ ಮಾಡುತ್ತಾರೆ. ಕಡೆಯವರ ಬದಲಿಗೆ ದಿಂಬಿನ ಪಕ್ಕ ಒಂದು ಗುಂಡಿ ಕೊಡುತ್ತಾರೆ. ಒತ್ತಿದರೆ ಗಂಟೆ, ಗಂಟೆ ಬಡಿದರೆ ಯಾರಾದರೂ ಬರುತ್ತಾರೆ.

ಆ ಗುಂಡಿಯನ್ನು ನಾನು ಒತ್ತಲಿಲ್ಲ. ಜೀವಮಾನವೆಲ್ಲ ಕರೆಸಿಕೊಂಡವಳಿಗೆ ಕರೆಯುವುದು ಕೈಗೆ ಬರಲಿಲ್ಲ.

ಪಕ್ಕದ ಮಂಚದಲ್ಲಿ ಮೇರಿ ಅಂತ ಒಬ್ಬ ಮುದುಕಿ, ನನಗಿಂತ ಹದಿನೈದು ವರ್ಷ ದೊಡ್ಡವಳು. ಅವಳದೂ ಸೊಂಟವೇ. ಅವಳನ್ನು ನೋಡಲು ಯಾರೂ ಬರುತ್ತಿರಲಿಲ್ಲ. ನರ್ಸು ಹೇಗಿದ್ದೀ ಅಂದರೆ ಸಾಕು, "ಗ್ರ್ಯಾಂಡ್" ಅನ್ನುತ್ತಿದ್ದಳು. ನಮ್ಮ ಕಡೆ ಗ್ರ್ಯಾಂಡು ಅಂದರೆ ಮದುವೆ. ಸೊಂಟ ಮುರಿದುಕೊಂಡು ಮಲಗಿದವಳಿಗೆ ಎಂಥ ಗ್ರ್ಯಾಂಡು ಅಂತ ಮಂಜುಳನನ್ನು ಕೇಳಿದೆ.

"ಇಲ್ಲಿ ಗ್ರ್ಯಾಂಡ್ ಅಂದ್ರೆ ನಮ್ಮ 'ಪರವಾಗಿಲ್ಲ' ಕಣವ್ವ," ಅಂದಳು.

ಏಳನೇ ದಿನ ಬೆಳಗ್ಗೆ ನರ್ಸು ಬಂದು, ಇವತ್ತು ನಿನಗೆ ಓ.ಟಿ. ಇದೆ ಅಂದಳು. ಓ.ಟಿ. ಅಂದರೆ ನನಗೆ ಹೇಳಿಕೊಡಬೇಕೆ? ಆಪರೇಷನ್ ಥಿಯೇಟರು. ಅದನ್ನು ಫಿನಾಯಿಲಿನಲ್ಲಿ ಒರೆಸಿದವಳೇ ನಾನು. ಮತ್ತೆ ಕೊಯ್ಯುತ್ತಾರೆ ಅಂದುಕೊಂಡೆ. ತಿಂಡಿ ಬಂತು, ತಳ್ಳಿದೆ. ನೀರು ಕೊಟ್ಟರು, ಬಾಯಿ ಬಿಗಿಹಿಡಿದೆ. ಓ.ಟಿ.ಗೆ ಹೋಗುವವರು ಹೊಟ್ಟೆ ಖಾಲಿ ಇಟ್ಟುಕೊಳ್ಳಬೇಕು, ಇವರಿಗೆ ಅಷ್ಟೂ ಗೊತ್ತಿಲ್ಲವಲ್ಲ ಅಂತ ಮನಸ್ಸಿನಲ್ಲೇ ಉಗಿದೆ.

ಹನ್ನೊಂದಕ್ಕೆ ಗಾಲಿ ಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಹೋದರು. ದೇವರನ್ನು ನೆನೆದೆ. ಬಾಗಿಲು ತೆಗೆದರು. ಒಳಗೆ ನೋಡಿದರೆ ಅಡುಗೆಮನೆ.

ಒಲೆ, ಸಿಂಕು, ಕಪಾಟು, ಎಲ್ಲ ಇತ್ತು. ಬಿಳಿ ಅಂಗಿಯ ಹೆಂಗಸೊಬ್ಬಳು ನಗುತ್ತಾ ನಿಂತಿದ್ದಳು. ಅವಳೇ ಓ.ಟಿ.! ರೋಗಿ ಮನೆಗೆ ಹೋದರೆ ತನ್ನ ಕೆಲಸ ತಾನು ಮಾಡಿಕೊಂಡಾಳಾ ಅಂತ ನೋಡುವವರನ್ನು ಇಲ್ಲಿ ಆಕ್ಯುಪೇಷನಲ್ ಥೆರಪಿಸ್ಟು ಅನ್ನುತ್ತಾರೆ, ಗಿಡ್ಡ ಮಾಡಿ ಓ.ಟಿ. ಮಂಜುಳ ಡ್ಯೂಟಿಗೆ ಹೋದರೆ ಹನ್ನೆರಡು ಗಂಟೆ ನಾನೊಬ್ಬಳೇ ಮನೆಯಲ್ಲಿ ಇರಬೇಕು. ಅದಕ್ಕೆ ಒಂದು ಲೋಟ ಟೀ ಮಾಡಿ ತೋರಿಸಬೇಕಂತೆ. ತೋರಿಸಿದರೆ ಮನೆ. ಇಲ್ಲದಿದ್ದರೆ ಊರಾಚೆಯ ವೃದ್ಧರ ಹೋಮಿನಲ್ಲಿ ಆರು ವಾರ. ಆ ಹೋಮಿಗೆ ಹೋದವರು ಆರು ವಾರಕ್ಕೆ ವಾಪಸ್ ಬಂದದ್ದನ್ನು ತಾನು ಕಂಡಿಲ್ಲ ಅಂತ ಮೇರಿ ಹೇಳಿದ್ದನ್ನು ಮಂಜುಳ ನನಗೆ ತಿಳಿಸಿದ್ದಳು.

ಭಾಷೆಗೆ ಮಗಳನ್ನು ಇಟ್ಟುಕೊಳ್ಳುವ ಹಾಗಿಲ್ಲ, ಅದೂ ಒಂದು ರೂಲ್ಸು. ಮೇಜಿನ ಮೇಲೆ ಫೋನು ಇಟ್ಟರು. ಅದರಲ್ಲಿ ಎಲ್ಲಿಂದಲೋ ಮಾತು ತಿರುಗಿಸಿ ಹೇಳುವ ಒಬ್ಬ ಗಂಡಸು, ಮಂಗಳೂರಿನ ಕಡೆಯ ಕನ್ನಡ.

"ಅಮ್ಮಾ, ನಿಮಗೆ ನೋವು ಎಷ್ಟು ಉಂಟು? ಸೊನ್ನೆಯಿಂದ ಹತ್ತರ ಒಳಗೆ ಹೇಳಬೇಕಂತೆ."

"ಪರವಾಗಿಲ್ಲ ಕಣಪ್ಪ."

"ಪರವಾಗಿಲ್ಲ ಅಂದ್ರೆ ಎಂತ? ಇಲ್ಲವಾ?"

"ಪರವಾಗಿಲ್ಲ ಅಂದ್ರೆ ಪರವಾಗಿಲ್ಲ."

"ಹಾಗಾದ್ರೆ ಸೊನ್ನೆ ಹೇಳುವುದಾ?"

"ಏನಾರ ಹೇಳ್ಕೊ ಬುಡಪ್ಪ."

ಅವನು ಸೊನ್ನೆ ಹೇಳಿದ. ಅವಳು ಸೊನ್ನೆ ಬರೆದುಕೊಂಡಳು.

ಹಾಲು ಕಾಯಿಸಿ ಟೀಪುಡಿ ಕುದಿಸಿದೆ. ಖಾಲಿ ಹೊಟ್ಟೆ, ತಲೆ ಗಿರ್ರ್ ಅನ್ನುತ್ತಿತ್ತು. ಹಾಲು ಉಕ್ಕಿ ಬಂತು. ಪಾತ್ರೆ ಇಳಿಸಲು ಕೈ ತಾನಾಗಿ ಸೊಂಟಕ್ಕೆ ಹೋಯಿತು, ಸೆರಗು ಹಿಡಿಯಲು. ಸೆರಗೆಲ್ಲಿದೆ? ಮೈಮೇಲೆ ಇದ್ದದ್ದು ಹಿಂದೆ ಲಾಡಿ ಕಟ್ಟುವ ಆಸ್ಪತ್ರೆಯ ಅಂಗಿ. ಬರಿಗೈಯಲ್ಲೇ ಹಿಡಿದೆ. ಆ ಹೆಂಗಸು ಕಿರುಚಿದಳು. ಪಾತ್ರೆಯನ್ನು ನೆಟ್ಟಗೇ ಇಳಿಸಿದೆ, ಒಂದು ಹನಿ ಚೆಲ್ಲಲಿಲ್ಲ. ಆದರೆ ಕಾಲು ನಡುಗಿ ಕುಸಿದೆ. ಅವಳು ಹಿಡಿದುಕೊಳ್ಳದಿದ್ದರೆ ಇನ್ನೊಂದು ಸೊಂಟವೂ ಹೋಗುತ್ತಿತ್ತು.

ಫೇಲು.

ಮಧ್ಯಾಹ್ನ ಗೋಡೆಯ ಕಡೆ ತಿರುಗಿ ಮಲಗಿ ದಿಂಬು ಕಚ್ಚಿಕೊಂಡಿದ್ದೆ. ನೋವು ಹಾಗಿತ್ತು. ಸೊನ್ನೆ ಅಂದವಳಿಗೆ ಗಟ್ಟಿ ಮಾತ್ರೆ ಯಾಕೆ ಕೊಟ್ಟಾರು? ಆಗ ಗಂಟೆ ಬಡಿಯಿತು. ನನ್ನದಲ್ಲ. ಮೇರಿ ತನ್ನ ಗುಂಡಿ ಒತ್ತಿದ್ದಳು. ಓಡಿ ಬಂದ ನರ್ಸಿಗೆ ನನ್ನ ಕಡೆ ಬೆರಳು ಮಾಡಿ ಏನೋ ಜೋರಾಗಿ ಅಂದಳು. ನನಗೆ ತಿಳಿದದ್ದು ಎರಡೇ ಮಾತು, ಪೇನು, ಮತ್ತೆ ಲೈಯಿಂಗು. ನೋವು, ಮತ್ತೆ ಸುಳ್ಳು.

ಎರಡು ಗಂಟೆಗೆ ಬಂದ ಮಂಜುಳ ಕೆಂಡವಾಗಿದ್ದಳು.

"ಸೊನ್ನೆ ಅಂದ್ಯಂತೆ! ಮೂಳೆಗೆ ಮೊಳೆ ಹೊಡ್ಸ್ಕೊಂಡು ಸೊನ್ನೆಯಾ? ಊಟಾನೂ ಬ್ಯಾಡ ಅಂದ್ಯಂತೆ."

"ಓ.ಟಿ. ಅಂದ್ರಲ್ಲೇ!"

ಅವಳಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆದ ಮೇಲೆ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ನಗು ನಿಂತ ಮೇಲೆ ಕೇಳಿದಳು, "ನಂಬರ್ ಹೇಳಕ್ಕೇನವ್ವ ನಿಂಗೆ ದಾಡಿ?"

ನಮ್ಮಲ್ಲಿ ಒಳ್ಳೆಯ ಪೇಷಂಟು ಅಂದರೆ ಬಾಯಿ ಬಿಡದವಳು. ಹೆರಿಗೆ ಕೋಣೆಯಲ್ಲಿ ಕಿರುಚುವವರಿಗೆ ನಾನೇ ಅನ್ನುತ್ತಿದ್ದೆ: "ಸುಮ್ಕಿರೇ, ನೀನೊಬ್ಳೇನಾ ಹೆರೋದು? ಊರೋರೆಲ್ಲ ಹೆತ್ತವ್ರೆ." ತೊಡೆಗೆ ಒಂದು ಏಟೂ ಹಾಕಿದ್ದೇನೆ. ಹಂದನಕೆರೆಯ ಕಡೆಯ ಒಬ್ಬಳು ಒಂದು ದಿನ ಒಂದು ರಾತ್ರಿ ತುಟಿ ಕಚ್ಚಿ ಹೆತ್ತಳು. ಡಾಕ್ಟರ ಎದುರಿಗೆ ಅವಳನ್ನು ಹೊಗಳಿದ್ದೆ. ಅವಳ ತುಟಿಗೆ ಎರಡು ಹೊಲಿಗೆ ಬಿದ್ದಿತ್ತು. ಅದನ್ನು ನೆನೆದು ಅಳಲಿಲ್ಲ ನಾನು. ಆದರೆ ಮಾಡಿದ್ದು ತಪ್ಪು. ಅದನ್ನು ಇಲ್ಲಿ ಬರೆದಿದ್ದೇನೆ, ಯಾರಾದರೂ ಓದಿಕೊಳ್ಳಲಿ.

"ಎಂಟು," ಅಂದೆ ಮಗಳಿಗೆ.

"ನಂಗಲ್ಲ, ನರ್ಸಿಗೆ ಹೇಳು."

ಮೊದಲ ಸಲ ಗುಂಡಿ ಒತ್ತಿದೆ. ಬಂದವಳಿಗೆ ಎಂಟು ಬೆರಳು ತೋರಿಸಿದೆ.

ಎರಡು ದಿನ ಬಿಟ್ಟು ಮತ್ತೆ ಅಡುಗೆಮನೆ. ಈ ಸಲ ಹೊಟ್ಟೆ ತುಂಬ ತಿಂದು, ಮಾತ್ರೆ ನುಂಗಿ ಹೋದೆ. ಒಂದು ಹಟ ಮಾತ್ರ ಹಿಡಿದೆ: ಸೀರೆ ಉಡುತ್ತೇನೆ. ಕಾಲಿಗೆ ತೊಡರುತ್ತದೆ, ಬೇಡ ಅಂದಳು ಓ.ಟಿ. ಹೆಂಗಸು. ದಪ್ಪ ಕೈಗವಸು ಕೊಟ್ಟಳು, ಬಿಸಿ ಹಿಡಿಯಲು.

"ಹೇಳಪ್ಪ ಅವಳಿಗೆ," ಅಂದೆ ಫೋನಿನವನಿಗೆ, "ಸೀರೆ ಉಟ್ಕೊಂಡು ನಾನು ನಲವತ್ತು ಬೆಡ್ಡಿನ ಕಕ್ಕಸು ಎತ್ತಿವ್ನಿ. ಎಲ್ಲೂ ಬಿದ್ದಿಲ್ಲ. ಬಿದ್ದಿದ್ದು ಇವ್ರ ದೇಶದ ಐಸ್ ಮೇಲೆ, ಅದೂ ಪ್ಯಾಂಟ್ ಹಾಕ್ಕೊಂಡಿದ್ದಾಗ."

ಅವನು ಎಷ್ಟು ಹೇಳಿದನೋ ಕಾಣೆ. ಆ ಹೆಂಗಸು ನಕ್ಕು, ಉಡು ಅಂದಳು. ಕಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದೆ, ಆಯಾ ಕೆಲಸದಲ್ಲಿ ಕಟ್ಟುತ್ತಿದ್ದ ಹಾಗೆ. ಸೆರಗು ಮಡಿಸಿ ಪಾತ್ರೆ ಇಳಿಸಿದೆ. ಶುಂಠಿ ಹಾಕಿದ ಟೀ ಅವಳಿಗೂ ಒಂದು ಕಪ್ಪು ಕೊಟ್ಟೆ. ಪೂರಾ ಕುಡಿದು, ಆಮೇಲೆ ಬರೆದಳು. ಪಾಸು. ಅದೇ ಸಂಜೆ ಮನೆಗೆ ಬಂದೆ.

ಇಲ್ಲಿಗೆ ಬಂದವರು ಒಂದೋ ಈ ದೇಶವನ್ನು ಹೊಗಳುತ್ತಾರೆ, ಇಲ್ಲ ನಮ್ಮೂರನ್ನು. ನನ್ನ ಕೈಲಿ ಎರಡೂ ಆಗುವುದಿಲ್ಲ. ಇಲ್ಲಿ ನನ್ನ ಉಚ್ಚೆಯನ್ನು ಮುಖ ಸಿಂಡರಿಸದೆ ಎತ್ತಿದರು. ನಾನು ಯಾರದನ್ನೂ ಹಾಗೆ ಎತ್ತಿದವಳಲ್ಲ. ಅಲ್ಲಿ ನಮ್ಮ ವಾರ್ಡಿನಲ್ಲಿ ಒಬ್ಬಳೂ ಮೇರಿಯ ಹಾಗೆ ಒಂಟಿಯಾಗಿ ಮಲಗಿದ್ದಿಲ್ಲ. ಯಾರೂ ಇಲ್ಲದವಳಿಗೆ ಪಕ್ಕದ ಬೆಡ್ಡಿನ ಕಡೆಯವರೇ ಒಂದು ಲೋಟ ಗಂಜಿ ಹಾಕುತ್ತಿದ್ದರು. ಇಲ್ಲಿದ್ದಾಗ ನಾನು ತುರುವೇಕೆರೆಯವಳು. ಹೋದ ವರ್ಷ ಊರಿಗೆ ಹೋದಾಗ, ಮೈ ನೋವು ಅಂದ ಓರಗಿತ್ತಿಯನ್ನು ಎಷ್ಟು ಅಂತ ನಾನು ನಂಬರು ಕೇಳಿದ್ದಕ್ಕೆ ಅವಳು ಅಂದಳು, "ಓಹೋ, ಫಾರಿನ್ನೋರು ಬಂದವ್ರೆ." ಅಂದುಕೊಳ್ಳಲಿ.

ಮನೆಗೆ ಬಂದ ಮಾರನೇ ಬೆಳಗ್ಗೆ ಬೇಗ ಎದ್ದು ಟೀ ಮಾಡಿ ಫ್ಲಾಸ್ಕಿಗೆ ಹಾಕಿದೆ. ಡ್ಯೂಟಿಗೆ ಹೊರಟ ಮಂಜುಳನ ಕಾರಿನಲ್ಲಿ ಹೋಗಿ ಕೂತೆ.

"ಎಲ್ಲಿಗವ್ವ? ನಿನ್ನೆ ತಾನೆ ಬಿಟ್ಟವ್ರೆ!"

"ನೀನು ಕಾರು ಬುಡು."

ವಾಕರು ಹಿಡಿದು ವಾರ್ಡಿನ ಬಾಗಿಲಿಗೆ ಹೋದಾಗ ಎಂಟು ಗಂಟೆಯೂ ಆಗಿರಲಿಲ್ಲ. ಹೊಸ ನರ್ಸೊಬ್ಬಳು ಅಡ್ಡ ನಿಂತಳು. ಮೇರಿ ಅಂದೆ. ನೋಡಲು ಬಿಡುವುದು ಎರಡು ಗಂಟೆಗೆ ಅಂದಳು. ಆಮೇಲೆ, ನೀವು ಮೇರಿಗೆ ಏನಾಗಬೇಕು, ಫ್ಯಾಮಿಲಿಯಾ ಅಂದಳು. ಅಷ್ಟು ಇಂಗ್ಲಿಷು ನನಗೆ ಅರ್ಥವಾಗುತ್ತದೆ.

"ಪೇಷಂಟ್ ಕಡೆಯೋಳು," ಅಂದೆ.

ಅವಳಿಗೆ ಪೇಷಂಟ್ ಅನ್ನುವುದು ತಿಳಿಯಿತು, ಕಡೆಯೋಳು ತಿಳಿಯಲಿಲ್ಲ. ಅವಳು ಯೋಚಿಸುತ್ತಿರುವಾಗಲೇ ವಾಕರು ಒಳಗೆ ತಳ್ಳಿದೆ.

ಮೇರಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಮುಖ ಸುಣ್ಣದ ಹಾಗಿತ್ತು. ಹೇಗಿದ್ದೀ ಅಂದೆ.

"ಗ್ರ್ಯಾಂಡ್," ಅಂದಳು.

"ಲೈಯಿಂಗು," ಅಂದೆ. "ನಂಬರ್?"

ನನ್ನನ್ನೇ ನೋಡಿದಳು. ಆಮೇಲೆ ಹೊದಿಕೆಯೊಳಗಿಂದ ಎರಡೂ ಕೈ ತೆಗೆದು ಒಂಬತ್ತು ಬೆರಳು ಎತ್ತಿದಳು.

ಫ್ಲಾಸ್ಕು ಮೇಜಿನ ಮೇಲಿಟ್ಟು, ದಿಂಬಿನ ಪಕ್ಕದ ಗುಂಡಿ ಒತ್ತಿದೆ. ಯಾರಾದರೂ ಬರುವ ತನಕ ಬೆರಳು ತೆಗೆಯಲಿಲ್ಲ.