ಸಾಗಿ ಕೆರೆಯ ಕಡ್ಡಿ ಕಾಯುವವಳು

ಸಾಗಿ ಕೆರೆಯ ಕಡ್ಡಿ ಕಾಯುವ ಕೆಲಸ ಮಿಯತಾಕೆ ಮನೆತನದ ಇಸೆಗೆ ಸಿಕ್ಕಿದ್ದು, ಅವಳ ಗಂಡ ತೊರಾಕಿಚಿ ಕಾಕಿ ಹಣ್ಣಿನ ಮರದಿಂದ ಬಿದ್ದು ಕಾಲು ಮುರಿದುಕೊಂಡದ್ದರಿಂದ. ಕಾಯಿ ಇನ್ನೂ ಗೋಲಿಯಷ್ಟೂ ದಪ್ಪವಾಗಿರದ ಕಾಲದಲ್ಲಿ ಅವನು ಮರ ಹತ್ತಿದ್ದೇಕೆ ಎಂದು ಅವನು ಯಾರಿಗೂ ಹೇಳಲಿಲ್ಲ. ಆ ಕೊಂಬೆಯಿಂದ ಆಚೆಮನೆಯ ಬಚ್ಚಲು ಚೆನ್ನಾಗಿ ಕಾಣುತ್ತದೆ ಎಂದು ಇಸೆಯೇ ಊರೆಲ್ಲ ಹೇಳಿಕೊಂಡು ಬಂದಳು. ಹೇಳಿ ಬಂದು, ಅವನ ಕಾಲಿಗೆ ಪಟ್ಟಿ ಕಟ್ಟಿ, ಬಾರ್ಲಿ ಗಂಜಿ ಕುಡಿಸಿದಳು. ಅವಳದು ಅಂಥ ಸ್ವಭಾವ. ನಲವತ್ತೆಂಟು ವರ್ಷ, ಅಗಲವಾದ ಮೈ, ಎರಡು ಬಾಗಿಲಿನ ಬೀರುವಿನಂಥ ಬೆನ್ನು, ಗುಬ್ಬಚ್ಚಿಯಂಥ ಕಣ್ಣು.

ಜಪಾನಿನಲ್ಲಿ ಶೋವಾ ದೊರೆಯ ಒಂಬತ್ತನೆಯ ವರ್ಷ ಅದು. ನಾಟಿಗೆ ಬಂದ ಮಳೆ ನಾಟಿ ಮುಗಿದದ್ದೇ ಕೈಕೊಟ್ಟಿತು. ಸಾನುಕಿ ಸೀಮೆಯಲ್ಲಿ ಮೊದಲೇ ಮಳೆ ಕಡಿಮೆ, ಕೆರೆ ಜಾಸ್ತಿ, ಜಗಳ ಅದಕ್ಕಿಂತ ಜಾಸ್ತಿ. ಕೆರೆಯ ನೀರು ಅರ್ಧಕ್ಕಿಳಿದ ದಿನ ಊರಿನಲ್ಲಿ ಡಂಗುರವಾಯಿತು: ನಾಳೆಯಿಂದ ಕಡ್ಡಿ ನೀರು.

ಕಡ್ಡಿ ನೀರೆಂದರೆ ಹೀಗೆ. ತೂಬಿನ ಪಕ್ಕದ ಗುಡಿಸಲಿನಲ್ಲಿ ಊದಿನಕಡ್ಡಿ ಹಚ್ಚುತ್ತಾರೆ. ಕಡ್ಡಿ ಉರಿಯುವಷ್ಟು ಹೊತ್ತು ಒಬ್ಬರ ಗದ್ದೆಗೆ ನೀರು. ಬೂದಿಯಾದ ಕೂಡಲೇ ನಗಾರಿ ಬಾರಿಸಬೇಕು. ನೀರಗಂಟಿ ಯೋಹೆ ಕಾಲುವೆಯ ಮಡೆ ಕಟ್ಟಿ ಮುಂದಿನವರಿಗೆ ತಿರುಗಿಸುತ್ತಾನೆ. ಯಾವ ಮನೆಗೆ ಎಷ್ಟು ಕಡ್ಡಿ ಎಂಬುದು ಮುತ್ತಜ್ಜನ ಕಾಲದಿಂದ ಬಂದ ಹಕ್ಕು. ಗದ್ದೆ ಮಾರಿ ಕಡ್ಡಿ ಉಳಿಸಿಕೊಳ್ಳಬಹುದು, ಕಡ್ಡಿ ಮಾರಿ ಗದ್ದೆ ಒಣಗಿಸಿಕೊಳ್ಳಲೂಬಹುದು. ತೊರಾಕಿಚಿಯ ಅಜ್ಜ ಎರಡನೆಯದನ್ನು ಮಾಡಿದ್ದ. ಆದ್ದರಿಂದಲೇ ಈ ಕೆಲಸ ಅವರ ಮನೆಗೆ ಬಂದದ್ದು. ನೀರಿನ ಹಕ್ಕಿಲ್ಲದವರೇ ನೀರು ಅಳೆಯಬೇಕು ಎಂಬುದು ಕೆರೆಯ ಕಟ್ಟಳೆ.

ದಿನವೂ ಮೊದಲ ಸರದಿ ಕೆರೆಯ ಯಜಮಾನ ಮನಾಬೆ ಗೆನ್ಜೋನದು. ಆರು ಕಡ್ಡಿ. ಕೊನೆಯ ಸರದಿ ಕಾಲುವೆಯ ಬಾಲದಲ್ಲಿದ್ದ ಕುವಾಳದು. ಒಂದೇ ಕಡ್ಡಿ.

ಇಸೆ ಸುಮ್ಮನೆ ಕೂರುವವಳಲ್ಲ. ಕಡ್ಡಿ ನೋಡುತ್ತ ನೋಡುತ್ತ ಹುಲ್ಲಿನ ಚಪ್ಪಲಿ ಹೆಣೆಯತೊಡಗಿದಳು. ಎರಡನೆಯ ದಿನವೇ ಅವಳಿಗೊಂದು ವಿಚಿತ್ರ ಕಂಡಿತು. ಬೆಳಿಗ್ಗೆ ಗೆನ್ಜೋನ ಒಂದು ಕಡ್ಡಿ ಮುಗಿಯುವುದರೊಳಗೆ ಒಂದು ಚಪ್ಪಲಿ ಪೂರ್ತಿಯಾಗುತ್ತಿತ್ತು. ಮಧ್ಯಾಹ್ನ ಕುವಾಳ ಕಡ್ಡಿಗೆ ಚಪ್ಪಲಿಯ ಹಿಮ್ಮಡಿ ಬರುವ ಮೊದಲೇ ನಗಾರಿ ಬಾರಿಸಬೇಕಾಗುತ್ತಿತ್ತು. ಊಟವಾದ ಮೇಲೆ ಕೈ ನಿಧಾನವಾಯಿತೇನೋ ಎಂದುಕೊಂಡು ಮರುದಿನ ಊಟ ಮಾಡದೆ ಹೆಣೆದು ನೋಡಿದಳು. ಹೊಟ್ಟೆ ಚುರುಗುಟ್ಟಿತೇ ಹೊರತು ಚಪ್ಪಲಿ ಬೆಳೆಯಲಿಲ್ಲ.

ಆಗ ಅವಳ ಕಣ್ಣು ಕಿಟಕಿಯ ಮೇಲೆ ಬಿತ್ತು. ಗುಡಿಸಲಿಗೆ ಇದ್ದದ್ದು ಒಂದೇ ಕಿಟಕಿ, ಪಡುವಣಕ್ಕೆ. ಬೆಳಿಗ್ಗೆ ಇಬ್ಬನಿಯ ತಂಪು, ಎಲೆ ಅಲುಗದು. ಕಡ್ಡಿ ಮುದುಕನ ಹಾಗೆ ನಿಧಾನಕ್ಕೆ ಉರಿಯುತ್ತದೆ. ಮಧ್ಯಾಹ್ನ ಅದೇ ಪಡುವಣದ ಕಡಲ ಕಡೆಯಿಂದ ಗಾಳಿ ಏಳುತ್ತದೆ; ಕಡ್ಡಿಗೆ ದೆವ್ವ ಹಿಡಿಯುತ್ತದೆ. ಗುಡಿಸಲು ಕಟ್ಟಿಸಿದವರು ಯಾರೆಂದು ಯೋಹೆಯನ್ನು ಕೇಳಿದಳು.

"ಇನ್ಯಾರು, ಯಜಮಾನ್ರ ಅಜ್ಜ," ಎಂದ ಯೋಹೆ.

"ಆ ಅಜ್ಜ ಸತ್ತು ಮೂವತ್ತು ವರ್ಷ ಆಯ್ತು. ಇನ್ನೂ ಕಿಟಕೀಲಿ ಕೂತು ಊದ್ತಾ ಇದಾನಲ್ಲೋ!" ಎಂದಳು ಇಸೆ.

ಗೋಡೆಗೆ ಅಂಟಿಸಿದ್ದ ಕಟ್ಟಳೆಯನ್ನು ಅವಳು ಓದಿದಳು. ಕಡ್ಡಿ ಕಾಯುವವರು ಕಡ್ಡಿಯನ್ನು ಮುಟ್ಟಬಾರದು. ಊದಬಾರದು. ಕೈ ಅಡ್ಡ ಹಿಡಿಯಬಾರದು. ಕಿಟಕಿ ಮುಚ್ಚಬಾರದು. ಎಲ್ಲಿ ಕೂರಬೇಕೆಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಅಂದು ಮಧ್ಯಾಹ್ನ ಗಾಳಿ ಎದ್ದ ಕೂಡಲೇ ಇಸೆ ತನ್ನ ಚಾಪೆ ಎತ್ತಿಕೊಂಡು ಹೋಗಿ ಕಿಟಕಿಗೆ ಬೆನ್ನು ಕೊಟ್ಟು ಕೂತಳು. ಗುಡಿಸಲು ಕತ್ತಲಾಯಿತು. ಕುವಾಳ ಕಡ್ಡಿ ನೆಟ್ಟಗೆ, ಸಮಾಧಾನವಾಗಿ ಉರಿಯಿತು. ಚಪ್ಪಲಿಗೆ ಹಿಮ್ಮಡಿ ಬಂತು.

ನಾಲ್ಕೈದು ದಿನದಲ್ಲಿ ಬಾಲದ ಗದ್ದೆಗಳಲ್ಲಿ ಪೈರು ತಲೆ ಎತ್ತಿತು. ಕುವಾ ಒಂದು ಬಟ್ಟಲು ಸೋಯಾರಸದಲ್ಲಿ ಅದ್ದಿದ ಅವರೆಕಾಳು ತಂದುಕೊಟ್ಟು, "ಇಸೆ-ಸಾನ್, ದೇವರು ಕಣ್ಬಿಟ್ಟ," ಎಂದಳು.

"ಕಣ್ಣು ಬಿಟ್ಟಿದ್ದು ದೇವರು, ಬೆನ್ನು ಬೇಯ್ತಿರೋದು ನಂದು," ಎಂದು ಇಸೆ ಕಾಳು ಬಾಯಿಗೆ ಹಾಕಿಕೊಂಡಳು.

ನಗಾರಿ ತಡವಾಗುತ್ತಿರುವುದು ಗೆನ್ಜೋನ ಕಿವಿಗೂ ಬಿತ್ತು. ಒಂದು ಮಧ್ಯಾಹ್ನ ಅವನು ತಕಮತ್ಸು ಪೇಟೆಯಿಂದ ತಂದಿದ್ದ ಜೇಬುಗಡಿಯಾರ ಹಿಡಿದು ಗುಡಿಸಲಿನ ಬಾಗಿಲಲ್ಲಿ ನಿಂತ. ಕುವಾಳ ಕಡ್ಡಿ ಮುಗಿಯುವವರೆಗೂ ಮುಳ್ಳು ನೋಡುತ್ತಿದ್ದ. ಮರುದಿನವೇ ದೇವಸ್ಥಾನದ ಚಾವಡಿಯಲ್ಲಿ ಹಕ್ಕುದಾರರ ಸಭೆ ಕರೆಸಿದ.

"ಮಧ್ಯಾಹ್ನ ಒಂದು ಕಡ್ಡಿ ಉರಿಯೋದು ಇಪ್ಪತ್ತೈದು ನಿಮಿಷ. ನಮ್ಮಪ್ಪ ನೋಡಿದಾನೆ, ನಾನೂ ನೋಡಿದೀನಿ. ನಿನ್ನೆ ಉರಿದದ್ದು ಮೂವತ್ತಾರು! ಹನ್ನೊಂದು ನಿಮಿಷದ ನೀರು ಕದ್ದೋರು ಯಾರು?" ಎಂದು ಗುಡುಗಿದ.

ಇಸೆ ಮೊಣಕಾಲೂರಿ ಬಾಗಿ ನಮಸ್ಕರಿಸಿದಳು. "ಯಜಮಾನ್ರೇ, ನಾನು ಕಡ್ಡಿ ಮುಟ್ಟಿದ್ನಾ?"

"ಇಲ್ಲ."

"ಊದಿದ್ನಾ? ಕೈ ಅಡ್ಡ ಇಟ್ನಾ?"

"ಇಲ್ಲ. ಆದ್ರೆ ಕಿಟಕಿಗೆ ಬೆನ್ನು ಕೊಟ್ಟು ಕೂತಿದ್ದೆ! ಕಿಟಕಿ ಮುಚ್ಚಬಾರದು ಅಂತ ಕಟ್ಟಳೆ ಇದೆ."

"ನನ್ನ ಬೆನ್ನೇನು ಕಿಟಕಿ ಬಾಗಿಲಾ? ಹಂಗಿದ್ರೆ ಕೀಲು ಎಲ್ಲಿದೆ ತೋರಿಸಿ."

ಚಾವಡಿಯಲ್ಲಿ ನಗೆ ಬುಗ್ಗೆಯೆದ್ದಿತು. ಕಟ್ಟಳೆಯ ಪುಸ್ತಕ ಇಟ್ಟುಕೊಂಡಿದ್ದ ಪೂಜಾರಿ ಕನ್ನಡಕ ಏರಿಸಿ ಹಾಳೆಯನ್ನೆಲ್ಲ ತಿರುವಿ, "ಬೆನ್ನಿನ ವಿಚಾರ ಹಿರಿಯರು ಏನೂ ಬರೆದಿಲ್ಲ," ಎಂದು ತೀರ್ಪು ಕೊಟ್ಟ.

ಗೆನ್ಜೋನ ಮುಖ ಉಪ್ಪಿಗೆ ಹಾಕಿದ ಪ್ಲಮ್ ಹಣ್ಣಿನಂತಾಯಿತು. ಜೇಬಿನಿಂದ ಗಡಿಯಾರ ತೆಗೆದು ಚಾಪೆಯ ಮೇಲಿಟ್ಟ. "ಇನ್ಮೇಲೆ ಕಡ್ಡಿಯ ರಗಳೆಯೇ ಬೇಡ. ಇದನ್ನೇ ಗುಡಿಸಲಲ್ಲಿ ನೇತು ಹಾಕಿ. ಇದಕ್ಕೆ ಯಾರ ಬೆನ್ನೂ ಅಡ್ಡ ಬರಲ್ಲ."

ಇಸೆ ಎದೆಯ ಮೇಲೆ ಕೈಯಿಟ್ಟುಕೊಂಡು ಬಿಕ್ಕುವವಳ ಹಾಗೆ ಮಾಡಿದಳು. "ಅಯ್ಯಯ್ಯೋ, ಹಿರಿಯರ ಕಡ್ಡಿ ಬಿಟ್ಟು ಗಡಿಯಾರವಾ! ಬಡವರು ಕೆಟ್ಟರು. ಒಂದು ಕಡ್ಡಿಗೆ ಎಷ್ಟು ನಿಮಿಷ ಅಂತ ಬರೀತೀರಿ ಯಜಮಾನ್ರೇ?"

"ಇಪ್ಪತ್ತೈದು! ಒಂದು ನಿಮಿಷ ಹೆಚ್ಚಿಲ್ಲ."

"ಬೆಳಗ್ಗೆ ಹೊತ್ತಿಗೂ ಅಷ್ಟೇನಾ?"

"ಬೆಳಗ್ಗೆ ಒಂದು ಜಾತಿ ಕಡ್ಡಿ, ಮಧ್ಯಾಹ್ನ ಒಂದು ಜಾತಿ ಕಡ್ಡಿ ಅಂತ ಇದ್ಯಾ? ಎಲ್ಲಾ ಒಂದೇ ಅಂಗಡೀದು."

"ನೀವು ಹೇಳಿದ್ಮೇಲೆ ಮುಗೀತು. ದೊಡ್ಡೋರು, ಮೊಹರು ನೀವೇ ಮೊದಲು ಒತ್ತಿ."

ಗೆನ್ಜೋ ರುಜುವಿನ ಬದಲು ಒತ್ತುವ ತನ್ನ ಮನೆಯ ಮೊಹರು ಒತ್ತಿದ. ಅವನು ಮೋಸಗಾರನಾಗಿರಲಿಲ್ಲ ಎಂಬುದನ್ನು ಹೇಳಲೇಬೇಕು. ಬಾಲದವರ ಕಡ್ಡಿಗೆ ಅವನು ಎಷ್ಟೋ ಸಲ ಗಡಿಯಾರ ಹಿಡಿದಿದ್ದ. ತನ್ನದಕ್ಕೆ ಒಮ್ಮೆಯೂ ಹಿಡಿದಿರಲಿಲ್ಲ. ತನ್ನ ಗದ್ದೆಗೆ ನೀರು ಹರಿಯುವಾಗ ಗಡಿಯಾರ ನೋಡುವ ಮನುಷ್ಯ ಯಾವ ದೇಶದಲ್ಲಿದ್ದಾನೆ? ಉಳಿದವರೂ ಒಬ್ಬೊಬ್ಬರಾಗಿ ಒತ್ತಿದರು. ಕುವಾ ಮಾತ್ರ ಇಸೆಯ ತೋಳು ಚಿವುಟಿದಳು. "ಮೂವತ್ತಾರು ಹೋಗಿ ಇಪ್ಪತ್ತೈದಾಯ್ತಲ್ಲೇ, ಮನೆಹಾಳಿ!"

"ಒತ್ತು ಸುಮ್ಮನೆ. ನಾಳೆ ಬೆಳಗ್ಗೆ ಏರಿ ಮೇಲೆ ಬಾ, ತಮಾಷೆ ಇದೆ."

ಮರುದಿನ ಬೆಳಿಗ್ಗೆ ಏರಿಯ ಮೇಲೆ ಕುವಾ ಒಬ್ಬಳೇ ಅಲ್ಲ, ಬಾಲದವರೆಲ್ಲ ಬುತ್ತಿ ಕಟ್ಟಿಕೊಂಡು ಬಂದು ಕೂತಿದ್ದರು. ಗೆನ್ಜೋನ ಗದ್ದೆಗೆ ನೀರು ಬಿಟ್ಟದ್ದಾಯಿತು. ಕಡ್ಡಿಯ ಕಾಲದಲ್ಲಿ ಅವನ ಆರು ಕಡ್ಡಿ ಮುಗಿಯಲು ನಾಲ್ಕು ಗಂಟೆ ಹಿಡಿಯುತ್ತಿತ್ತು. ಅಂದು ಎರಡೂವರೆ ಗಂಟೆಗೆ ಸರಿಯಾಗಿ ಇಸೆ ನಗಾರಿ ಬಾರಿಸಿದಳು. ಡಬಡಬ ಎಂದು, ಹಬ್ಬದ ದಿನ ಬಾರಿಸುವ ಹಾಗೆ. ಯೋಹೆ ಮಡೆ ಕಟ್ಟಿದ.

ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಗೆನ್ಜೋ ಓಡಿ ಬಂದ. "ಏನೇ ಇದು! ನನ್ನ ಕೆಳಗಿನ ಗದ್ದೆಗೆ ನೀರು ಮುಟ್ಟೇ ಇಲ್ಲ! ಗಡಿಯಾರ ಮುಟ್ಟಿದೀಯಾ ನೀನು!"

"ನಿಮ್ಮ ಗಡಿಯಾರ, ನಿಮ್ಮ ಇಪ್ಪತ್ತೈದು, ನಿಮ್ಮ ಮೊಹರು. ನಂದೇನಿದ್ರೂ ಬೆನ್ನು. ಅದು ನೋಡಿ, ಕಿಟಕಿಯಿಂದ ದೂರ ಇದೆ."

ಗೆನ್ಜೋ ಗಡಿಯಾರ ಕಿವಿಗೆ ಹಿಡಿದ, ಮುಳ್ಳು ನೋಡಿದ, ಬೆರಳು ಮಡಚಿ ಲೆಕ್ಕ ಹಾಕಿದ.  ಮುಖಕ್ಕಿಂತ ಮೊದಲು ಕಿವಿಗಳು ಕೆಂಪಾದವು. ಅಷ್ಟು ದಿನ ಬೆಳಗಿನ ತಂಪು ತನಗೆ ಕೊಡುತ್ತಿದ್ದುದು ಏನೆಂದು ಅವನಿಗೆ ಅರ್ಥವಾದದ್ದು ಆಗಲೇ ಎಂದು ಇಸೆಗೆ ಅನಿಸಿತು. ನಗಬೇಕೆಂದಿದ್ದವಳು ನಗಲಿಲ್ಲ, ಕೂಜಾದಿಂದ ಬಾರ್ಲಿ ಚಹಾ ಬಗ್ಗಿಸಿ ಮುಂದಿಟ್ಟಳು. ಅವನು ಕುಡಿಯದೆ ಹೋದ.

ಆದರೂ ಯಜಮಾನನ ರಕ್ತ ಅಷ್ಟಕ್ಕೆ ತಣ್ಣಗಾಗಲಿಲ್ಲ. ಕಟ್ಟಳೆ ಬದಲಾಯಿಸಬೇಕೆಂದು ಮತ್ತೆ ಸಭೆ ಕರೆದ. ಬದಲಾಯಿಸಲು ಎಲ್ಲ ಮನೆಯ ಮೊಹರೂ ಬೀಳಬೇಕು. ಬಾಲದವರು ಬಂದರು, ಬಾಗಿ ಬಾಗಿ ನಮಸ್ಕರಿಸಿದರು, ಚಹಾ ಕುಡಿದರು. ಮೊಹರು ಮಾತ್ರ ಒಬ್ಬರ ಹತ್ತಿರವೂ ಇರಲಿಲ್ಲ. ಒಬ್ಬನದು ಬಾವಿಗೆ ಬಿದ್ದಿತ್ತು. ಇನ್ನೊಬ್ಬನದನ್ನು ಹೆಂಡತಿ ತವರಿಗೆ ಒಯ್ದಿದ್ದಳು. ಕುವಾ, "ನಮ್ಮ ಕೋಳಿ ನುಂಗಿಬಿಡ್ತು ಯಜಮಾನ್ರೇ, ಕಾಯ್ತಾ ಇದೀನಿ," ಎಂದಳು. ಪೂಜಾರಿ ಚಾಪೆಗೆ ಮುಖ ಹುದುಗಿಸಿ ಕೆಮ್ಮಿದ.

ಕಾದೂ ಕಾದೂ ಗೆನ್ಜೋ ಕೈಬಿಟ್ಟ. ಬೆಳಗಿನ ನೀರು ಉಳಿದದ್ದರಿಂದ ಕೆರೆಯ ನೀರು ಆ ವರ್ಷ ಬಾಲದ ಗದ್ದೆಯವರೆಗೂ ಇನ್ನೂ ನಾಲ್ಕು ಸುತ್ತು ಹೆಚ್ಚಿಗೆ ಬಂತು. ಅಷ್ಟರಲ್ಲಿ ಬಿರುಗಾಳಿ ಮಳೆ ಬಂತು. ಗೆನ್ಜೋನ ಕೆಳಗಿನ ಗದ್ದೆ ಸ್ವಲ್ಪ ಜೊಳ್ಳಾಯಿತು. ಕೊಯ್ಲಿನ ಮೇಲೆ ಕಡ್ಡಿ ಕಾದ ಕೂಲಿಯ ಅಕ್ಕಿ ಅಳೆಯುವಾಗ ಅವನ ಮನೆಯಿಂದ ಇಸೆಗೆ ಬಂದದ್ದು ಆ ಗದ್ದೆಯ ಅಕ್ಕಿಯೇ. ಅವಳು ಅದನ್ನು ಹಿಟ್ಟು ಮಾಡಿ, ಉಂಡೆ ಕಟ್ಟಿ ಬೇಯಿಸಿ, ಎರಡು ಉಂಡೆಯನ್ನು ಅವನ ಮನೆಗೇ ಕಳಿಸಿಕೊಟ್ಟಳು.

ತೊರಾಕಿಚಿಯ ಕಾಲು ಕೂಡಿಕೊಂಡರೂ ಕೆಲಸ ಅವನಿಗೆ ಮರಳಲಿಲ್ಲ. ಹಕ್ಕುದಾರರು ಇಸೆಯನ್ನೇ ಕೇಳಿದರು. ಮೂರು ವರ್ಷದ ನಂತರ ಮೇಲೂರಿನವರು ಕೆರೆಗೆ ನೀರು ತರುವ ಹೊಳೆಗೆ ಹೊಸ ಒಡ್ಡು ಕಟ್ಟಿ ಸಾಗಿ ಕೆರೆಯ ಪಾಲಿಗೇ ಕೈಹಾಕಿದರು. ಪಂಚಾಯಿತಿಗೆ ಹೊರಟ ದಿನ ಗೆನ್ಜೋ ಕಪ್ಪು ನಿಲುವಂಗಿ ತೊಟ್ಟು ಇಸೆಯ ಅಂಗಳದಲ್ಲಿ ನಿಂತಿದ್ದ.

"ಇಸೆ-ಸಾನ್, ನೀನೂ ಹೊರಡು."

"ನಾನ್ಯಾಕೆ ಯಜಮಾನ್ರೇ? ನಂಗೆ ಒಂದು ಹನಿ ನೀರಿನ ಹಕ್ಕಿಲ್ಲ."

"ಹಕ್ಕಿಲ್ಲದೋಳು ಹಕ್ಕಿರೋನನ್ನ ಹೆಂಗೆ ಕೇಳಬೇಕು ಅಂತ ನಿಂಗೆ ಗೊತ್ತು," ಎಂದ ಗೆನ್ಜೋ, ಬೇರೆ ಕಡೆ ನೋಡುತ್ತ. "ಅವರ ಯಜಮಾನ ನನಗಿಂತ ಕೋಪಿಷ್ಠ."

ಇಸೆ ಒಳಗೆ ಹೋಗಿ ಒಳ್ಳೆಯ ಕಿಮೊನೊ ಉಟ್ಟುಕೊಂಡು ಬಂದಳು. ದಾರಿಯಲ್ಲಿ ಮೇಲೂರಿನ ಯಜಮಾನನ ಬಗ್ಗೆ ಕೇಳುತ್ತ ಹೋದಳು: ಅವನು ಹೆಚ್ಚಾಗಿ ಯಾವುದರ ಬಗ್ಗೆ ಜಂಬ ಕೊಚ್ಚಿಕೊಳ್ಳುತ್ತಾನೆ ಎಂದು.